ಮೊಸಳೆ ಬಾಯಿಯ ಅಳತೆ

ನನ್ನ ಸೋದರಮಾವನಷ್ಟು ಸತ್ಯವಂತನಾದ ಮಕ್ಕಳ ಸಾಹಿತಿ ಇನ್ನೊಬ್ಬನಿರಲಾರ. ಮೊಲ ಮಾತಾಡಿತು, ನರಿಗೆ ಮದುವೆಯಾಯಿತು ಎಂದೆಲ್ಲ ಧಾರಾಳವಾಗಿ ಬರೆಯುತ್ತಿದ್ದ, ಆ ಮಾತು ಬೇರೆ. ಆದರೆ ಮಾತಾಡಿದ ಮೊಲದ ಕಿವಿ ಮಾತ್ರ ಟೇಪಿನ ಅಳತೆಗೆ ಸರಿಯಾಗಿರಬೇಕು. ಕಣ್ಣಾರೆ ಕಾಣದ್ದನ್ನು ಆತ ಬಿಡಿಸಿದವನೇ ಅಲ್ಲ. ಆ ಸತ್ಯಕ್ಕೆ ನಾನೊಮ್ಮೆ ಆಹಾರವಾಗುವುದರಲ್ಲಿದ್ದೆ. ಇದನ್ನು ಬರೆಯುವಾಗಲೂ ಎಡಗೈಯಲ್ಲಿ ಕುರ್ಚಿಯ ತೋಳನ್ನು ಹಿಡಿದುಕೊಂಡೇ ಕೂತಿದ್ದೇನೆ.

ತಪ್ಪು ತಾತನದು. ನಾಗಮಂಗಲದಲ್ಲಿ ಬಾಗಿಲು, ಕಿಟಕಿ ಮಾಡುವ ಮನೆತನ ನನ್ನ ತಾಯಿಯದು. "ಅಳೀದೆ ಉಳಿ ಮಡಗಬ್ಯಾಡ ಕಣ್ಲಾ" ಎಂದು ತಾತ ಮಗನಿಗೆ ಹೇಳಿಕೊಟ್ಟಿದ್ದ. ಮಗ ಉಳಿ ಬಿಟ್ಟು ಕುಂಚ ಹಿಡಿದ. ಟೇಪು ಮಾತ್ರ ಜೇಬಿನಲ್ಲೇ ಉಳಿಯಿತು.

"ಬಾಗ್ಲು ಮಾಡುದ್ರೆ ಜನ ಒಳಕ್ಕೆ ಬತ್ತಾರೆ. ನಿನ್ನ ಪುಸ್ತಕದೊಳಕ್ಕೆ ಯಾರ್ಲಾ ಬತ್ತಾರೆ?"

"ಮೊಲ ಬತ್ತದೆ ಕಣಪ್ಪ" ಎಂದನಂತೆ ಮಾವ.

ಮೊದಲ ಪುಸ್ತಕಕ್ಕೆ ಪಾಂಡವಪುರದ ನಮ್ಮ ಮನೆಯ ಕೋಳಿಯೇ ನಾಯಕಿ. ಅದು ಓಡದಿರಲೆಂದು ಅಮ್ಮ ಕಾಲಿಗೆ ದಾರ ಕಟ್ಟಿ ಮಂಚಕ್ಕೆ ಬಿಗಿದಳು. ಮಾವ ಕಂಡದ್ದನ್ನು ಬಿಡುವವನೇ? ಕೋಳಿ ಸಂತೆಗೆ ಹೋಯಿತು, ದಾರದೊಂದಿಗೆ. ಮದುವೆಯಾಯಿತು, ದಾರದೊಂದಿಗೆ. ಯಾವುದೋ ಊರಿನ ಮಗುವೊಂದು ಕಾರ್ಡು ಬರೆಯಿತು: "ದಯವಿಟ್ಟು ಕೋಳಿಯ ಕಾಲು ಬಿಚ್ಚಿ." ಮಾವ ಆ ಕಾರ್ಡನ್ನು ಅಮ್ಮನ ಮುಂದೆ ಹಿಡಿದ. "ನೋಡಕ್ಕ, ಕಟ್ಟಿದ್ದು ನೀನು, ಬೈಸ್ಕಂಡಿದ್ದು ನಾನು."

ಕೆ.ಆರ್. ಪೇಟೆಯ ಸಂತೆಯಲ್ಲಿ ಎತ್ತಿನ ಕೊಂಬಿಗೆ ಟೇಪು ಹಿಡಿದಾಗ ಎತ್ತಿನ ಯಜಮಾನ ಗಿರಾಕಿ ಸಿಕ್ಕಿದನೆಂದು ಹಿಗ್ಗಿದ. ಕೊಳ್ಳುವುದಕ್ಕಲ್ಲ, ಮಕ್ಕಳ ಪುಸ್ತಕಕ್ಕೆ ಎಂದು ತಿಳಿದ ಮೇಲೆ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. "ನನ್ನೆತ್ತು ಪುಸ್ತಕ ಓದಾಕಿಲ್ಲ ಸ್ವಾಮಿ. ಅತ್ಲಾಗ್ ಓಗಿ."

ಸಿಂಹದ ಕಥೆಯಂತೂ ಇನ್ನೂ ಚೆನ್ನ. ಮೈಸೂರಿನ ಮೃಗಾಲಯದಲ್ಲಿ ಮಾವ ಮೂರು ದಿನ ಕಾದರೂ ಸಿಂಹ ಏಳಲಿಲ್ಲ. ಸರಿ, ಪುಸ್ತಕದ ಹದಿನಾರು ಪುಟಗಳಲ್ಲೂ ಮೃಗರಾಜ ಮಲಗಿಯೇ ರಾಜ್ಯಭಾರ ಮಾಡಿದ. ಪ್ರಕಾಶಕರು ತಲೆ ಚಚ್ಚಿಕೊಂಡರು. ಆದರೆ ಅದೇ ಹೆಚ್ಚು ಖರ್ಚಾದ ಪುಸ್ತಕ! ತಾಯಂದಿರು ಮಕ್ಕಳನ್ನು ಮಲಗಿಸಲು ಅದನ್ನೇ ಓದುತ್ತಿದ್ದರಂತೆ.

ತೊಂಬತ್ತರ ದಶಕದ ನಡುವೆ ಮೊಸಳೆಯ ಸರದಿ ಬಂತು. ಎಸ್‌ಟಿಡಿ ಬೂತಿನಲ್ಲಿ ನಾನು ಮಾವನ ಪಕ್ಕದಲ್ಲೇ ನಿಂತಿದ್ದೆ. ಪ್ರಕಾಶಕರ ದನಿ ನನಗೂ ಕೇಳಿಸಿತು. "ಈ ಸಲ ಪ್ರಾಣಿ ಬಾಯಿ ತೆರೆದಿರಬೇಕು ಸ್ವಾಮಿ. ಆಗದಿದ್ದರೆ ಕಥೆ ಮಾತ್ರ ಬರೆದುಕೊಡಿ, ಚಿತ್ರ ಬೇರೆಯವರ ಕೈಲಿ ಬರೆಸುತ್ತೇವೆ." ಮಾವ ಫೋನು ಇಟ್ಟ. ಆ ದಿನ ನಮ್ಮ ಮನೆಯಲ್ಲಿ ಮುದ್ದೆ ಮುಟ್ಟಲಿಲ್ಲ. ಕುಂಚ ಕಿತ್ತುಕೊಂಡರೆ ಆತನಲ್ಲಿ ಏನು ಉಳಿಯುತ್ತದೆ? ಒಂದು ಟೇಪು, ಅಷ್ಟೇ.

ಮರುದಿನ ಬೆಳಗ್ಗೆ ಶ್ರೀರಂಗಪಟ್ಟಣದ ಬಸ್ಸು ಹತ್ತಿದೆವು. ನಾನು ಆಗ ಬಿ.ಎಸ್ಸಿ. ಓದುತ್ತಿದ್ದೆ. ಮೊಸಳೆ ಶೀತರಕ್ತದ ಪ್ರಾಣಿ ಎಂಬುದು ಗೊತ್ತಿತ್ತು. ಈಜುವುದು ಗೊತ್ತಿರಲಿಲ್ಲ. ನದಿಯಲ್ಲಿ ಚರ್ಮ ಹೊದಿಸಿದ, ಬುಟ್ಟಿಯಂಥ ತೆಪ್ಪ ನಡೆಸುವ ಕರಿಯಣ್ಣ ನಮ್ಮನ್ನು ಕೂರಿಸಿಕೊಂಡ. ನಡುನೀರಿನ ಬಂಡೆಯ ಮೇಲೆ ಮೊಸಳೆ ಕಣ್ಣು ಮುಚ್ಚಿಕೊಂಡಿತ್ತು.

"ಮಲಗೈತೆ. ಇಂದಕ್ಕೆ ಓಗವಾ" ಎಂದ ಕರಿಯಣ್ಣ.

"ತಡಿಯಣ್ಣ. ಈಗಾಗ್ಲೆ ಒಂದು ಸಿಂಹ ಮಲಗುಸಿವ್ನಿ."

ಸ್ವಲ್ಪ ಹೊತ್ತಿಗೆ ಅದು ಬಿಸಿಲಿಗೆ ಬಾಯಿ ತೆರೆಯಿತು. ಮಾವ ಚಿತ್ರದ ಪುಸ್ತಕ ತೆರೆದು ಗೆರೆ ಎಳೆದ. ಅಷ್ಟಕ್ಕೆ ಬಿಟ್ಟಿದ್ದರೆ ನಾನು ಈಗ ಕುರ್ಚಿ ಹಿಡಿಯಬೇಕಿರಲಿಲ್ಲ. "ಅಣ್ಣ, ಆ ಹುಟ್ಟು ಒಂದ್ ಗಳಿಗೆ ಕೊಡಿಲ್ಲಿ" ಎಂದು ಕರಿಯಣ್ಣನ ಕೈಯಿಂದ ಕಸಿದುಕೊಂಡು, ತೋಳು ಚಾಚಿ, ಒಂದು ಕಣ್ಣು ಮುಚ್ಚಿ, ಹುಟ್ಟಿನ ಉದ್ದಕ್ಕೆ ಮೊಸಳೆಯ ಬಾಯಿ ಎಷ್ಟು ಎಂದು ಅಳೆಯತೊಡಗಿದ.

ಹುಟ್ಟಿಲ್ಲದ ತೆಪ್ಪ ಏನು ಮಾಡುತ್ತದೆ? ಸುತ್ತುತ್ತದೆ. ನನಗೆ ಮೊಸಳೆ ಕಂಡಿತು, ಸೇತುವೆ ಕಂಡಿತು, ದಡದ ಸೀಬೆಮರ ಕಂಡಿತು, ಮತ್ತೆ ಮೊಸಳೆ. ಸೇತುವೆ ಇದ್ದಲ್ಲೇ ಇತ್ತು. ಮೊಸಳೆ ಮಾತ್ರ ಸುತ್ತಿಗೊಮ್ಮೆ ದೊಡ್ಡದಾಗುತ್ತಿತ್ತು.

"ಹುಟ್ಟು ಕೊಡ್ಲಾ ಮಾರಾಯ" ಎಂದ ಕರಿಯಣ್ಣ. ಗೌರವವೆಲ್ಲ ಮೊದಲನೇ ಸುತ್ತಿಗೇ ಹೋಗಿತ್ತು.

"ಇನ್ನೊಂದ್ ಸುತ್ತು ಬರ್ಲಿ, ಎಲ್ಡು ಗೇಣಾಯ್ತು" ಎಂದ ಮಾವ.

ತೆಪ್ಪ ಬಂಡೆಗೆ ಬಡಿಯಿತು. ಬಾಯಿ ಮುಚ್ಚಿದ ಸದ್ದು ಮರದ ಬಾಗಿಲು ಹಾಕಿದ ಹಾಗಿತ್ತು. ಮೊಸಳೆ ನೀರಿಗೆ ಜಾರಿತು. ಮರುಗಳಿಗೆಯಲ್ಲಿ ತೆಪ್ಪದ ಅಡಿಯ ಚರ್ಮ ಉಬ್ಬಿತು. ಅದರ ಬೆನ್ನು ನನ್ನ ಪಾದದ ಕೆಳಗೆ ಉಜ್ಜಿಕೊಂಡು ಹೋದದ್ದು ಈಗಲೂ ಪಾದಕ್ಕೆ ಗೊತ್ತು. ತೆಪ್ಪದ ಅಂಚು ವಾಲಿತು, ನೀರು ನುಗ್ಗಿತು, ನಾನು ಜಾರಿದೆ. ನನ್ನ ಹಳದಿ ದಾವಣಿಯ ಸೆರಗು ಆಗಲೇ ನೀರಿನಲ್ಲಿತ್ತು.

ಮಾವನ ಒಂದು ಕೈಯಲ್ಲಿ ಹುಟ್ಟು, ಇನ್ನೊಂದರಲ್ಲಿ ಚಿತ್ರದ ಪುಸ್ತಕ. ಹುಟ್ಟನ್ನು ಕರಿಯಣ್ಣನ ಕಡೆಗೆ ಎಸೆದ. ಪುಸ್ತಕವನ್ನು ಎಸೆಯಲೂ ಇಲ್ಲ, ಸುಮ್ಮನೆ ಕೈಬಿಟ್ಟು ನನ್ನ ಮಣಿಕಟ್ಟು ಹಿಡಿದ. ತೆರೆದ ಬಾಯಿ, ಗೆರೆ, ಅಳತೆ ಎಲ್ಲವೂ ತೇಲಿಕೊಂಡು ಹೋದವು. ಆತ ಅತ್ತ ತಿರುಗಿ ನೋಡಲಿಲ್ಲ.

ದಡ ಸೇರಿದ ಮೇಲೂ ನನ್ನ ಕೈ ಬಿಡಲಿಲ್ಲ. ಬಸ್ಸಿನಲ್ಲೂ ಬಿಡಲಿಲ್ಲ. ಪಾಂಡವಪುರದಲ್ಲಿ ಇಳಿಯುವಾಗ, "ಅಕ್ಕಂಗೆ ಯೋಳ್ಬ್ಯಾಡ ಕಣವ್ವ" ಎಂದ.

ಆ ಮೇಲೆ ಮೊಸಳೆ ನೋಡಲು ಮಾವ ಮತ್ತೆ ಹೋಗಲಿಲ್ಲ. ನೆನಪಿನಿಂದಲೇ ಬಿಡಿಸಿದ. ಪುಸ್ತಕ ಬಂತು. ಬಾಯಿ ತೆರೆದೇ ಇತ್ತು. ಪ್ರಕಾಶಕರೂ ಒಪ್ಪಿಕೊಂಡರು. ಕುಂಚ ಉಳಿಯಿತು.

ನಾನು ನದಿಯ ಪುಟ ತೆರೆದೆ. ಬಂಡೆ ಸರಿಯಾಗಿತ್ತು, ಸೇತುವೆ ಸರಿಯಾಗಿತ್ತು, ಕರಿಯಣ್ಣನ ತಲೆವಸ್ತ್ರದ ಗಂಟು ಕೂಡ ಸರಿಯಾಗಿತ್ತು. ಆದರೆ ತೆಪ್ಪದಲ್ಲಿ ಇಬ್ಬರೇ ಇದ್ದರು. ದೂರದ ದಡದಲ್ಲಿ, ಸೀಬೆಮರದ ಕೆಳಗೆ ಹಳದಿ ದಾವಣಿಯ ಹುಡುಗಿಯೊಬ್ಬಳು ಕಾಲು ಚಾಚಿ ಕೂತು ಹಣ್ಣು ತಿನ್ನುತ್ತಿದ್ದಳು. ಅವಳ ಸೆರಗು ಒಣಗಿತ್ತು.

"ಮಾವ, ನಾನು ದಡದಲ್ಲಿರಲಿಲ್ಲವಲ್ಲ?" ಎಂದೆ.

ಮಾವ ಪೆನ್ಸಿಲು ಹೆರೆಯುತ್ತಿದ್ದ. ತಲೆ ಎತ್ತಲಿಲ್ಲ.

"ಅಲ್ಲೇ ಕೂತಿರವ್ವ ಅಂತ ಯೋಳ್ಬೇಕಾಗಿತ್ತು. ಅವತ್ತು ಯೋಳ್ನಿಲ್ಲ."