ಹದಿನಾಲ್ಕು ತಿಂಗಳಿಂದ ಪಟ್ಟಿಯಲ್ಲೇ ವಾಸವಾಗಿರುವ ನಮ್ಮ ಮನೆ ಸರ್ವರಿಗೆ

ಇವರಿಗೆ:
ಶ್ರೀಯುತ ಮನೆ ಸರ್ವರ್ ಅವರು,
ವಾಜಿದನ ಪಟ್ಟಿ, ಹನ್ನೊಂದನೆಯ ಪುಟ, ಮಂಡ್ಯ

ಇವರಿಂದ:
ಬಷೀರುನ್ನೀಸಾ,
ಮೋಟಾರ್ ವೈಂಡಿಂಗ್ ಅಂಗಡಿ, ಕೊಪ್ಪ ರಸ್ತೆ, ಮದ್ದೂರು

ಮಾನ್ಯರೇ,

ತಮಗೆ ಬಷೀರುನ್ನೀಸಾಳ ಸಲಾಂ. ತಾವು ಇನ್ನೂ ಹುಟ್ಟಿಲ್ಲವೆಂಬುದು ನನಗೆ ಗೊತ್ತಿದೆಯಾದರೂ, ಹಿರಿಯಳಾದವಳು ಕ್ಷೇಮ ಕೇಳದೆ ನೇರ ಜಗಳಕ್ಕೆ ಇಳಿಯುವುದು ಚೆಂದವಲ್ಲವಾದ್ದರಿಂದ, ಮೊದಲು ತಮ್ಮ ಮನೆಯವರನ್ನೆಲ್ಲ ಹೆಸರು ಹಿಡಿದು ವಿಚಾರಿಸುತ್ತೇನೆ. ಪ್ರೊಸೆಸರ್ ಸಾಹೇಬರು ತಣ್ಣಗಿದ್ದಾರೆಯೆ? ಅವರ ಹದಿನಾರು ಕೋರುಗಳೂ ಅನ್ಯೋನ್ಯವಾಗಿವೆಯೆ? ಮೂರು ಸಲ ಸಂಬಂಧ ಗೊತ್ತಾಗಿ, ಮೂರು ಸಲವೂ ಸಾಕೆಟ್ಟು ಹೊಂದುವುದಿಲ್ಲವೆಂದು ಮುರಿದುಬಿದ್ದ ಮದರ್‌ಬೋರ್ಡ್ ತಾಯಿಯವರ ಮನಸ್ಸು ಈಗ ಸಮಾಧಾನವೆ? ರ‍್ಯಾಮ್ ಅಣ್ಣತಮ್ಮಂದಿರು ನಾಲ್ವರೂ ಈಚೆಗೆ ರೇಟು ಏರಿದ ಮೇಲೆ ನಮ್ಮಂಥವರ ಕಡೆ ತಿರುಗಿಯೂ ನೋಡುವುದಿಲ್ಲವೆಂದು ಕೇಳಿದೆ, ಇರಲಿ, ಆರೋಗ್ಯವಾಗಿದ್ದರೆ ಸಾಕು. ಒಬ್ಬರು ಮರೆತದ್ದನ್ನು ಇನ್ನೊಬ್ಬರು ನೆನಪಿಟ್ಟುಕೊಳ್ಳಲೆಂದೇ ಜೋಡಿಯಾಗಿ ಆರಿಸಿದ ಆ ಡಿಸ್ಕ್ ಅವಳಿಗಳಿಗೂ, ಸದ್ದು ಮಾಡುವುದಿಲ್ಲವೆಂದು ಮಾತು ಕೊಟ್ಟಿರುವ ಫ್ಯಾನುಗಳಿಗೂ ನನ್ನ ಆಶೀರ್ವಾದ ತಿಳಿಸಿ.

ಇತ್ತ ನಾವೆಲ್ಲ ಕ್ಷೇಮ. ನನ್ನ ಮಂಡಿ ನೋವು ಮೆಟ್ಟಿಲು ಕಂಡಾಗ ಮಾತ್ರ ಬರುತ್ತದೆ. ಅಂಗಡಿಯ ಭಾರವನ್ನೆಲ್ಲ ಹೊತ್ತಿರುವ ಮಗಳು ಜಬೀನ್ ವಾರ್ನಿಷ್ ವಾಸನೆಗೆ ಸೀನುತ್ತಾಳೆ, ಅದೊಂದು ಬಿಟ್ಟರೆ ಗಟ್ಟಿ. ಹಲಗೂರಿನಲ್ಲಿ ಬಟ್ಟೆ ಹೊಲಿಯುವ ನನ್ನ ತಂಗಿ ಜಾಕಿಯಾಳ ಬಿ.ಪಿ. ಹತೋಟಿಯಲ್ಲಿದೆ, ಬಾಯಿ ಇಲ್ಲ. ಮಂಡ್ಯದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ನನ್ನ ತಮ್ಮ ವಾಜಿದ್ ಮಾತ್ರ ತಮ್ಮ ಚಿಂತೆಯಲ್ಲಿ ಸೊರಗಿದ್ದಾನೆ. ಐವತ್ತೆರಡು ವರ್ಷದ ಮನುಷ್ಯ ಊಟದ ತಟ್ಟೆಯ ಮುಂದೆ ಕೂತು ಮೊಬೈಲಿನಲ್ಲಿ ತಮ್ಮ ಕ್ಯಾಬಿನೆಟ್ಟಿನ ಚಿತ್ರ ನೋಡಿ ನಿಟ್ಟುಸಿರು ಬಿಡುವುದನ್ನು ಕಂಡು, ಅವನ ಹೆಂಡತಿ ನನಗೆ ಎರಡು ಸಲ ಫೋನು ಮಾಡಿದ್ದಾಳೆ.

ತಮ್ಮನ್ನು ನಾವು ಏಕೆ ಬಯಸಿದೆವು ಎಂಬುದು ತಮಗೆ ಮರೆತುಹೋಗಿರಬಹುದು, ಏಕೆಂದರೆ ವಾಜಿದನಿಗೇ ಮರೆತುಹೋಗಿತ್ತು. ನಮ್ಮದು ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವ ಕಸುಬು. ಸುಟ್ಟ ಮೋಟಾರು ಬಂದಾಗ ಹಳೆಯ ಕಾಯಿಲನ್ನು ಕತ್ತರಿಸುವುದಕ್ಕೆ ಮುಂಚೆ ಅದರಲ್ಲಿ ಎಷ್ಟು ಸುತ್ತಿದೆ, ತಂತಿ ಎಷ್ಟು ದಪ್ಪವಿದೆ ಎಂದು ಎಣಿಸಿ, ಅಳೆದು, ಬರೆದುಕೊಳ್ಳುತ್ತೇವೆ. ಮುಂದೊಂದು ದಿನ ಅದೇ ಮೋಟಾರು ಎಣಿಸಲಾಗದಷ್ಟು ಕರಕಲಾಗಿ ಬಂದರೆ ಆ ಬರಹವೇ ಗತಿ. ಅದಿಲ್ಲದಿದ್ದರೆ ಅಂದಾಜಿನಲ್ಲಿ ಸುತ್ತಿ, ಓಡಿಸಿ, ಸುಟ್ಟು, ಮತ್ತೆ ಸುತ್ತುವುದರೊಳಗೆ ಗದ್ದೆ ಒಣಗಿರುತ್ತದೆ. ನಾಲ್ಕನೇ ಕ್ಲಾಸಿನವರೆಗೆ ಓದಿದ ನಾನು, ನಮ್ಮ ಯಜಮಾನರು ಹೇಳಿದ್ದನ್ನು ಬರೆದು ಬರೆದೇ ಅಕ್ಷರ ದುಂಡಗೆ ಮಾಡಿಕೊಂಡವಳು. ಆಮೇಲೆ ಕಂಪ್ಯೂಟರ್ ಕ್ಲಾಸಿನ ರವಿಚಂದ್ರ ಮೇಷ್ಟ್ರು ನಮಗಾಗಿಯೇ ಒಂದು ಪ್ರೋಗ್ರಾಮು ಬರೆದುಕೊಟ್ಟರು. ಬೆಳಕವಾಡಿಯಿಂದ ವೈದ್ಯನಾಥಪುರದವರೆಗಿನ ನಾಲ್ಕು ಸಾವಿರದ ಮುನ್ನೂರ ಹದಿನಾರು ಮೋಟಾರುಗಳ ಸುತ್ತನ್ನು ಇಪ್ಪತ್ತೆರಡು ವರ್ಷ ಕೂತು ಒಂದೊಂದೇ ಬೆರಳಿನಲ್ಲಿ ಅದರೊಳಕ್ಕೆ ಇಳಿಸಿದ್ದೇನೆ. ನೋಟುಪುಸ್ತಕಗಳ ಮೇಲೆ ವಾರ್ನಿಷ್ ಡಬ್ಬ ಬಿದ್ದು ಅವೆಲ್ಲ ಅಂಟಿ ಒಂದೇ ಇಟ್ಟಿಗೆಯಾದವು, ಈಗ ಬಾಗಿಲಿಗೆ ಒತ್ತು ಕೊಡಲು ಇಟ್ಟಿದ್ದೇವೆ.

ಆ ಪ್ರೋಗ್ರಾಮು ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಬಿಟ್ಟು ಬೇರೆಲ್ಲೂ ತೆರೆಯುವುದಿಲ್ಲ. ಆ ಕಂಪ್ಯೂಟರೋ, ಬೆಳಿಗ್ಗೆ ಎಬ್ಬಿಸಿದರೆ ಕೆಮ್ಮಿ ಕೆಮ್ಮಿ ಮಧ್ಯಾಹ್ನಕ್ಕೆ ಏಳುವ ವಯಸ್ಸಿನದು. ಆಗ ವಾಜಿದ್ ತಮ್ಮ ವಿಷಯ ಎತ್ತಿದ. ಒಂದೇ ದೊಡ್ಡ ಪೆಟ್ಟಿಗೆ ತಂದರೆ ಅದರೊಳಗೆ ಹತ್ತು ಕಂಪ್ಯೂಟರುಗಳನ್ನು ಬೇರೆಬೇರೆ ಸಂಸಾರದಂತೆ ಹೂಡಬಹುದೆಂದೂ, ಅದಕ್ಕೆ ವರ್ಚುವಲ್ ಮೆಷಿನ್ ಎನ್ನುವರೆಂದೂ, ನಮ್ಮ ಮುದುಕನನ್ನು ಇಡಿಯಾಗಿ ಎತ್ತಿ ಒಳಗೊಂದು ಕೋಣೆಯಲ್ಲಿ ಕೂರಿಸಿದರೆ ತಾನಿನ್ನೂ ಹಳೆಯ ಮನೆಯಲ್ಲೇ ಇದ್ದೇನೆಂದು ನಂಬಿ ಕೆಲಸ ಮಾಡುತ್ತಾನೆಂದೂ ಹೇಳಿದ. ಇಷ್ಟು ಒಳ್ಳೆಯ ಮೋಸವನ್ನು ನಾನು ಅದುವರೆಗೆ ಕೇಳಿರಲಿಲ್ಲವಾದ್ದರಿಂದ ತಕ್ಷಣ ಒಪ್ಪಿದೆ.

ಹೀಗೆ ವಾಜಿದ್ ಬರೆಯತೊಡಗಿದ ತಮ್ಮ ಬಿಡಿಭಾಗಗಳ ಪಟ್ಟಿ, ಮಾನ್ಯರೇ, ಎಂಥ ಬೆಳವಣಿಗೆ ಕಂಡಿತು! ಮೊದಲು ತಾವು ಟಿಫಿನ್ ಡಬ್ಬದಷ್ಟು ಚಿಕ್ಕವರಿದ್ದಿರಿ. ಆಮೇಲೆ ಯಾವುದೋ ಕಂಪನಿ ಮಾರಿದ ಹಳೆಯ ಸರ್ವರಾದಿರಿ, ಅದು ಓಡುವ ಸದ್ದನ್ನು ವಾಜಿದ್ ಮೊಬೈಲಿನಲ್ಲಿ ಕೇಳಿಸಿದಾಗ ಪಕ್ಕದ ಮನೆಯವರು ಅಕ್ಕಿ ಗಿರಣಿ ಮತ್ತೆ ಶುರುವಾಯಿತೆ ಎಂದು ವಿಚಾರಿಸಿದರು. ಪ್ರೊಸೆಸರ್ ಬದಲಾದರೆ ಬೋರ್ಡು ಬದಲು, ಬೋರ್ಡು ಬದಲಾದರೆ ರ‍್ಯಾಮ್ ಬದಲು, ರ‍್ಯಾಮ್ ಬದಲಾಗುವ ಹೊತ್ತಿಗೆ ಹೊಸ ಪ್ರೊಸೆಸರ್ ಬಂದಿರುತ್ತಿತ್ತು. ಇಷ್ಟು ಸಲ ಮೈ ಬದಲಿಸಿದರೂ ಒಮ್ಮೆಯೂ ಮೈ ತಳೆಯದ ತಮ್ಮ ವೈರಾಗ್ಯವನ್ನು ನಾನು ಎಷ್ಟು ಹೊಗಳಿದರೂ ಸಾಲದು.

ತಮ್ಮ ಅಂಗಗಳಲ್ಲಿ ನನ್ನ ಕೈಯಾರೆ ಆರಿಸಿ ತಂದದ್ದು ಒಂದೇ ಒಂದು, ಕರೆಂಟು ಹಂಚುವ ಎಸ್.ಎಂ.ಪಿ.ಎಸ್. ಡಬ್ಬ. ನಮ್ಮ ಕಸುಬಿನಲ್ಲಿ ಮೋಟಾರಿನ ಯೋಗ್ಯತೆಯನ್ನು ತೂಕದಲ್ಲಿ ಅಳೆಯುತ್ತೇವೆ, ತಾಮ್ರ ಕದ್ದಿದ್ದರೆ ತೂಕ ಹೇಳಿಬಿಡುತ್ತದೆ. ಮಂಡ್ಯದ ಕಂಪ್ಯೂಟರ್ ಅಂಗಡಿಯ ನಾಗರಾಜು ನಾಲ್ಕು ಡಬ್ಬ ತಂದಿಟ್ಟಾಗ, ವಾಜಿದ್ ವ್ಯಾಟು ಓದುತ್ತಿದ್ದರೆ ನಾನು ಒಂದೊಂದು ಕೈಯಲ್ಲಿ ಒಂದೊಂದು ಎತ್ತಿ ತೂಗಿ ನೋಡಿದೆ. "ಏನಮ್ಮ, ಕುಂಬಳಕಾಯಿ ನೋಡ್ದಂಗೆ ನೋಡ್ತೀರಲ್ಲ" ಎಂದು ಆತ ನಕ್ಕ. "ಕುಂಬಳಕಾಯಾಗಿದ್ರೆ ತಟ್ಟಿ ನೋಡ್ತಿದ್ದೆ ಕಣಪ್ಪ, ಸುಮ್ನೆ ಆ ಭಾರದ್ದು ಕೊಡು" ಎಂದು ತಂದೆ. ಪಟ್ಟಿಯಲ್ಲಿಲ್ಲದ್ದನ್ನು ತಂದೆನೆಂದು ವಾಜಿದ್ ಒಂದು ವಾರ ಮಾತು ಬಿಟ್ಟ. ಆ ಡಬ್ಬ ಬಿಚ್ಚದೆಯೇ ನಮ್ಮ ಅಟ್ಟಣಿಗೆ ಏರಿತು.

ಇನ್ನು ಪಾಲಿನ ವಿಷಯ. ತಾವು ಹುಟ್ಟುವ ಮುಂಚೆಯೇ ನಾವು ತಮ್ಮನ್ನು ಹಿಸ್ಸೆ ಮಾಡಿದ್ದಕ್ಕೆ ಕ್ಷಮೆಯಿರಲಿ. ನಮ್ಮಲ್ಲಿ ಏನೇ ದೊಡ್ಡದು ಬರುತ್ತದೆಂದರೂ ಮೊದಲು ಯಾರಿಗೆಷ್ಟು ಎಂದು ತೀರ್ಮಾನವಾಗಬೇಕು. ಒಂದು ಭಾನುವಾರ ಊಟವಾದ ಮೇಲೆ ತಮ್ಮ ಅರವತ್ತನಾಲ್ಕು ಜಿಬಿ ರ‍್ಯಾಮನ್ನು ಚಾಪೆಯ ಮೇಲೆ ಹಾಸಿ ಕೂತೆವು. ವಾಜಿದ್ ಫೋಟೋಗೊಂದು, ಕ್ಯಾಮೆರಾಗೊಂದು, ಪರೀಕ್ಷೆ ಮಾಡುವುದಕ್ಕೊಂದು, ಆ ಪರೀಕ್ಷೆ ಸರಿಯಿದೆಯೇ ಎಂದು ನೋಡುವುದಕ್ಕೊಂದು ಮೆಷಿನ್ ತೆಗೆದುಕೊಂಡ. ಜಾಕಿಯಾ ಗಿರಾಕಿಗಳ ಅಳತೆಗೊಂದು, "ಮುಂದ್ಕೆ ಬೇಕಾದ್ರೆ ಇರ್ಲಿ" ಎಂದು ಇನ್ನೊಂದು ಹಿಡಿದಳು, ಅಷ್ಟು ಸಾಲದೆ "ನಂಗೆ ಮೂಡ್ಲ ಕಡೇದೇ ಬೇಕು ಕಣೋ, ಪಡುವ್ಲ ಕಡೆ ಬಿಸ್ಲು" ಎಂದಳು. "ಆಪಾ, ರ‍್ಯಾಮ್‌ಗೆ ಮೂಡ್ಲು ಪಡುವ್ಲು ಇರಾಕಿಲ್ಲ" ಎಂದು ವಾಜಿದ್ ತನ್ನ ಸಣ್ಣಕ್ಕನಿಗೆ ಕೈಮುಗಿದರೆ, "ಇಲ್ದಿದ್ರೆ ಆಕ್ಸು, ಅಷ್ಟೊಂದ್ ದುಡ್ಡು ಕೊಟ್ಟು ತತ್ತಿದೀಯ" ಎಂದು ಅವನ ಬಾಯಿ ಮುಚ್ಚಿಸಿದಳು. ಕೊನೆಗೆ ಒಂದು ಜಿಬಿಯೂ ಹೆಚ್ಚುಕಡಿಮೆಯಾಗದಂತೆ ಅರವತ್ತನಾಲ್ಕೂ ಹಂಚಿಹೋಯಿತು. ಜಬೀನ್ ಮಾತ್ರ ಏನನ್ನೂ ಕೇಳದೆ ಕಾಯಿಲ್ ಕಟ್ಟುತ್ತಿದ್ದಳು.

ಆ ಹೊತ್ತಿಗೆ ವೈದ್ಯನಾಥಪುರದ ಚಿಕ್ಕಬೋರಯ್ಯ ತನ್ನ ಸ್ಟಾರ್ಟರಿಗಾಗಿ ಕಾಯುತ್ತ ಬಾಗಿಲ ಬಳಿ ಆ ನೋಟುಪುಸ್ತಕದ ಇಟ್ಟಿಗೆಯ ಮೇಲೆ ಕೂತಿದ್ದ. ಎಲ್ಲ ಕೇಳಿಸಿಕೊಂಡು ಬೀಡಿ ಆರಿಸಿ, "ಅಲ್ಲ ಕಣಕ್ಕ, ಎಲ್ಲಾರ್ಗೂ ಪಾಲ್ ಆಕುದ್ರಿ, ಸರಿ. ಓಡಾಡಕೆ ದಾರಿ ಎಲ್ ಬುಟ್ರಿ?" ಎಂದ. ನಾವು ನಕ್ಕೆವು. ವಾಜಿದ್ ನಗಲಿಲ್ಲ. ಒಳಗಿನ ಸಂಸಾರಗಳನ್ನೆಲ್ಲ ಹೊತ್ತು ನಡೆಸುವ ಪೆಟ್ಟಿಗೆಗೇ ಉಸಿರಾಡಲು ಒಂದಿಷ್ಟು ರ‍್ಯಾಮ್ ಬಿಡಬೇಕೆಂಬುದು, ಹತ್ತು ತಿಂಗಳು ವಿಡಿಯೋ ನೋಡಿದ ಅವನಿಗೆ ಹೊಳೆದಿರಲಿಲ್ಲ. ಅಣ್ಣತಮ್ಮಂದಿರ ಗದ್ದೆ ಪಾಲಾದಾಗ ಗಾಡಿ ದಾರಿ ಬಿಡದೆ ಏಳು ವರ್ಷ ತಲೆಯ ಮೇಲೆ ಗೊಬ್ಬರ ಹೊತ್ತ ಚಿಕ್ಕಬೋರಯ್ಯನಿಗೆ ಹೊಳೆಯಿತು. ಆದರೆ ಯಾರೂ ತಮ್ಮ ಪಾಲಿನಲ್ಲಿ ಒಂದು ಗೇಣು ಬಿಡಲು ಒಪ್ಪಲಿಲ್ಲವಾದ್ದರಿಂದ, ದಾರಿ ಬಿಡುವುದಕ್ಕಾಗಿ ತಮ್ಮ ರ‍್ಯಾಮ್ ನೂರಿಪ್ಪತ್ತೆಂಟಾಯಿತು, ಅದಕ್ಕಾಗಿ ಬೋರ್ಡು ಬದಲಾಯಿತು, ಬೋರ್ಡಿಗಾಗಿ ಕ್ಯಾಬಿನೆಟ್ಟು ಬದಲಾಯಿತು, ಮತ್ತು ತಾವು ಮತ್ತೆ ಒಂಬತ್ತನೆಯ ಪುಟದಿಂದ ಹತ್ತನೆಯ ಪುಟಕ್ಕೆ ಹೊರಟಿರಿ.

ಕಳೆದ ತಿಂಗಳು, ಒಂದು ಮಂಗಳವಾರ, ಅದೇ ಚಿಕ್ಕಬೋರಯ್ಯನ ಮೋಟಾರು ಸುಟ್ಟಿತು. ನಾಟಿಯಾಗಿ ನಾಲ್ಕೇ ದಿನವಾದ ಗದ್ದೆ. ಬಿಚ್ಚಿ ನೋಡಿದರೆ ಕಾಯಿಲು ಇದ್ದಲು, ಎಣಿಸಲು ಒಂದು ಎಳೆಯೂ ಉಳಿದಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ನಾವೇ ಸುತ್ತಿದ ಮೋಟಾರು, ಲೆಕ್ಕವೆಲ್ಲ ಹಳೆಯ ಕಂಪ್ಯೂಟರಿನಲ್ಲಿತ್ತು. ಸ್ವಿಚ್ಚು ಒತ್ತಿದೆ. ಕೆಮ್ಮಲೂ ಇಲ್ಲ. ಮತ್ತೆ ಒತ್ತಿದೆ. ಮಾನ್ಯರೇ, ಇಪ್ಪತ್ತೆರಡು ವರ್ಷ ಬರೆದದ್ದು ಒಂದು ಬೂದು ಬಣ್ಣದ ಡಬ್ಬದೊಳಗೆ ಬಾಯಿ ಮುಚ್ಚಿ ಕೂತದ್ದನ್ನು ಕಂಡಾಗ ನನಗೆ ಹೇಗಾಯಿತೆಂದು ಇಲ್ಲಿ ಬರೆಯುವುದಿಲ್ಲ, ಪತ್ರ ತಮಾಷೆಯಾಗಿಯೇ ಮುಗಿಯಲಿ.

"ಬಿರ್‌ಬಿರ್ನೆ ನೋಡವ್ವ, ಪೈರು ಬೆಳ್ಳಗಾಯ್ತಾ ಅದೆ" ಎಂದು ಚಿಕ್ಕಬೋರಯ್ಯ ಬಾಗಿಲಿನಿಂದ. ವಾಜಿದನಿಗೆ ಫೋನು ಮಾಡಿದರೆ, "ಒಂದ್ ವಾರ ತಡ್ಕೊಳಿ ಆಪಾ, ಡಿಸ್ಕು ಫೈನಲ್ ಮಾಡ್ತಾ ಇವ್ನಿ" ಎಂದ. ಜಬೀನ್ ನನ್ನ ಕೈಯಿಂದ ಫೋನು ಕಿತ್ತುಕೊಂಡು, "ಮಾಮೂ, ನಿನ್ ಡಿಸ್ಕು ಫೈನಲ್ ಆಗೋ ಹೊತ್ಗೆ ಇವ್ರ ಗದ್ದೇಲಿ ಕ್ರಿಕೆಟ್ ಆಡ್ಬೋದು" ಎಂದಳು. ಆಮೇಲೆ ಹಳೆಯ ಕಂಪ್ಯೂಟರಿನ ಮುಚ್ಚಳ ಬಿಚ್ಚಿ ಮೂಸಿದಳು. ಸುಟ್ಟ ವಾಸನೆ ನಮಗೆ ಹೊಸದಲ್ಲವಲ್ಲ, ಕರೆಂಟು ಹಂಚುವ ಡಬ್ಬವೇ ಹೋಗಿದೆಯೆಂದು ಮೂಗೇ ಹೇಳಿತು. ಅಟ್ಟಣಿಗೆಯಿಂದ ತಮ್ಮ ಆ ಭಾರದ ಎಸ್.ಎಂ.ಪಿ.ಎಸ್. ಇಳಿಯಿತು, ಮುದುಕನ ಎದೆಗೆ ಸೇರಿತು. ಮುದುಕ ಒಮ್ಮೆ ಗಂಟಲು ಸರಿಮಾಡಿಕೊಂಡು ಎದ್ದ. ಎರಡು ಸಾವಿರದ ಇನ್ನೂರ ಏಳನೆಯ ಮೋಟಾರು, ಸುತ್ತು ಐವತ್ತನಾಲ್ಕು. ನಾನು ಓದಿದೆ, ಜಬೀನ್ ಸುತ್ತಿದಳು, ಮರುದಿನ ಸಂಜೆ ಮೂರು ಫೇಸ್ ಕರೆಂಟು ಬಂದೊಡನೆ ಚಿಕ್ಕಬೋರಯ್ಯನ ಗದ್ದೆಗೆ ನೀರು ಬಿತ್ತು.

ಅದರ ಮರುದಿನ ಜಬೀನ್ ಬಸ್ಸು ಹತ್ತಿ ಮಂಡ್ಯಕ್ಕೆ ಹೋಗಿ, ವಾಜಿದ್ ಯಾವ ಕಂಪ್ಯೂಟರಿನ ಮುಂದೆ ಕೂತು ಹದಿನಾಲ್ಕು ತಿಂಗಳು ತಮ್ಮ ಪಟ್ಟಿ ಬರೆಯುತ್ತಿದ್ದನೋ ಅದೇ ಕಂಪ್ಯೂಟರನ್ನು, ಪಟ್ಟಿಯ ಸಮೇತ ಎತ್ತಿಕೊಂಡು ಬಂದಳು. ಹಿಂದೆಯೇ ವಾಜಿದ್, ಕೈಯಲ್ಲಿ ಮೌಸು. ಅದಕ್ಕಿರುವುದು ಹದಿನಾರೇ ಜಿಬಿ. "ಮೊದ್ಲು ದಾರಿ" ಎಂದು ಅವಳು ನಾಲ್ಕು ಜಿಬಿ ಬಿಟ್ಟಳು. ಆಮೇಲೆ ಮುದುಕನ ಡಿಸ್ಕಿನಲ್ಲಿದ್ದುದನ್ನೆಲ್ಲ ಇಡಿಯಾಗಿ ನಕಲಿಳಿಸಿ ಒಳಗೊಂದು ಕೋಣೆಯಲ್ಲಿ ಕೂರಿಸಿದಳು. ಎರಡು ಸಲ ನೀಲಿ ಪರದೆ ತೋರಿಸಿ ಮುನಿಸಿಕೊಂಡವನು, ಮೂರನೆಯ ಸಲ ಅದೇ ಹಸಿರು ಗುಡ್ಡದ ಚಿತ್ರದೊಂದಿಗೆ, ಏನೂ ಆಗಿಲ್ಲವೆಂಬಂತೆ ಎದ್ದ. ನಾಲ್ಕು ಸಾವಿರದ ಮುನ್ನೂರ ಹದಿನಾರೂ ಇದ್ದವು, ನಾನು ಐವತ್ತನಾಲ್ಕು ಸುತ್ತನ್ನು ಮತ್ತೊಮ್ಮೆ ತೆಗೆಸಿ ನೋಡಿದೆ. ಅವನಿಗೆ ಎಷ್ಟು ಜಾಗ ಬೇಕಾಯಿತು ಗೊತ್ತೆ? ಅರ್ಧ ಜಿಬಿ. ಅರವತ್ತನಾಲ್ಕನ್ನು ಹಂಚಿಕೊಂಡು, ನೂರಿಪ್ಪತ್ತೆಂಟಕ್ಕೆ ಕಾದು ಕೂತ ಮನೆಯಲ್ಲಿ, ನಮ್ಮ ಅನ್ನ ಇದ್ದದ್ದು ಅರ್ಧ ಜಿಬಿಯಲ್ಲಿ.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆಯೇನೆಂದರೆ, ತಾವು ಒಂದೋ ಕೂಡಲೇ ಹುಟ್ಟಬೇಕು, ಇಲ್ಲವೇ ಹುಟ್ಟುವುದಿಲ್ಲವೆಂದು ಛಾಪಾ ಕಾಗದದಲ್ಲಿ ಬರೆದುಕೊಡಬೇಕು. ಹುಟ್ಟುವುದೇ ಆದರೆ ಜಾಕಿಯಾಳಿಗೆ ಮೂಡಲ ದಿಕ್ಕಿನ ರ‍್ಯಾಮನ್ನು ಕಿಟಕಿಯ ಸಮೇತ ಒದಗಿಸಬೇಕು. ವಾಜಿದನ ಪಾಲಿಗೆ, ಮುಂದಿನ ಪ್ರೊಸೆಸರ್ ಬಿಡುಗಡೆಯಾಗುವುದನ್ನು ಹತ್ತು ವರ್ಷ ಮುಂದೂಡಿ, ಅವನು ಒಂದು ಹೊತ್ತಾದರೂ ತಟ್ಟೆ ನೋಡಿಕೊಂಡು ಊಟ ಮಾಡುವಂತೆ ಮಾಡಬೇಕು. ಅವನು ಕೆಟ್ಟವನಲ್ಲ, ಅಕ್ಕನಿಗೆ ಕೊಡುವುದು ಅತ್ಯುತ್ತಮವಾದದ್ದೇ ಆಗಿರಲಿ ಎಂದುಕೊಂಡೇ ಏನನ್ನೂ ಕೊಡಲಾಗದೆ ಹೋದವನು. ಅದು ನನಗೆ ಗೊತ್ತಿದೆ ಎಂದು ಅವನಿಗೆ ತಿಳಿಯುವಂತೆ ತಾವೇ ಹೇಗಾದರೂ ಹೇಳಿ, ನಾನು ಹೇಳಿದರೆ ಮತ್ತೆ ಹೊಸ ಪಟ್ಟಿ ಶುರುಮಾಡುತ್ತಾನೆ.

ಈ ಪತ್ರದಲ್ಲಿ ಏನಾದರೂ ಹೆಚ್ಚಾಗಿ ಬಂದಿದ್ದರೆ ಮಂಡಿ ನೋವಿನ ಮೇಲೆ ಹಾಕಿ ಮರೆಯುವಿರೆಂದು ನಂಬಿರುವ,

ತಮ್ಮ ವಿಶ್ವಾಸಿ,
ಬಷೀರುನ್ನೀಸಾ

ತಾ.ಕ.: ಆ ಎಸ್.ಎಂ.ಪಿ.ಎಸ್. ಅನ್ನು ಹಿಂದಿರುಗಿಸಲಾಗುವುದಿಲ್ಲ, ಕೇಳಬೇಡಿ. ತಮ್ಮನ್ನು ಬೀದಿಗೆ ಹಾಕಿದೆವೆಂಬ ಮಾತು ಬೇಡವೆಂದು ಜಬೀನ್ ಅದೇ ಹದಿನಾರು ಜಿಬಿಯಲ್ಲಿ ತಮಗೂ ಒಂದು ಪುಟ್ಟ ಮೆಷಿನ್ ಮಾಡಿ, ತಮ್ಮ ಹೆಸರನ್ನೇ ಇಟ್ಟು, ತಮ್ಮ ಹನ್ನೊಂದು ಪುಟದ ಪಟ್ಟಿಯನ್ನು ಅದರಲ್ಲಿ ಕೂರಿಸಿದ್ದಾಳೆ. ಅರ್ಧ ಜಿಬಿಯಲ್ಲಿ ಧಾರಾಳವಾಗಿ ಹಿಡಿಸಿದ್ದೀರಿ. ಗೃಹಪ್ರವೇಶ ಆಗಿಹೋಗಿರುವುದರಿಂದ ಇನ್ನು ಹುಟ್ಟಿಲ್ಲವೆಂಬ ನೆಪ ನಡೆಯುವುದಿಲ್ಲ. ಬೇಗ ಕಾಗದ ಬರೆಯಿರಿ.