ಇಂಗ್ಲೆಂಡಿಗೆ ವಾಯಿದೆ ಕೊಡಿಸಿದ ನನ್ನ ಮಾವ

ಇಂಗ್ಲೆಂಡಿನ ಪಾರ್ಲಿಮೆಂಟು ಒಂದು ವರ್ಷ ಯಾವ ತೀರ್ಮಾನಕ್ಕೂ ಬಾರದೆ ಒದ್ದಾಡಿತಲ್ಲ, ಅದಕ್ಕೆ ಕಾರಣ ಕಡಬ ಪೇಟೆಯಲ್ಲಿರುವ ನನ್ನ ಸೋದರಮಾವ ಎಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಡಿ! ಪೇಪರಿನವರು ಗಡಿ ಎಂದರು, ಸುಂಕ ಎಂದರು, ಕೊನೆಗೆ ಮೀನು ಎಂದೂ ಬರೆದರು. ಆದರೆ ಆ ಸಭೆ ಒಮ್ಮತಕ್ಕೆ ಬರಬಾರದು ಎಂದು ದೈವಕ್ಕೆ ಹರಕೆ ಹೊತ್ತ ಮನುಷ್ಯ ಇಡೀ ಭೂಮಂಡಲದಲ್ಲಿ ಇವರೊಬ್ಬರೇ. ಅದಕ್ಕೆ ನಾನೇ ಸಾಕ್ಷಿ. ಮಾವನಿಗೆ ಇಂಗ್ಲೆಂಡಿನ ಮೇಲೆ ಯಾವ ಹಗೆಯೂ ಇರಲಿಲ್ಲ. ಅವರಿಗೆ ಬೇಕಾದದ್ದು ಇಷ್ಟೇ, ಅತ್ತೆ ಉಳಿಯಬೇಕು.

ಇದಕ್ಕೂ ಅದಕ್ಕೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ಕೇಳುತ್ತೀರಾ? ಹೇಳುತ್ತೇನೆ. ಮೊದಲು ಮಾವನ ಗಂಟಲಿನ ಬಗ್ಗೆ ಹೇಳಬೇಕು.

ಮಾವ ಕೋರ್ಟಿನಲ್ಲಿ ಜವಾನರಾಗಿದ್ದವರು. ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರನ್ನು ಮೂರು ಸಲ ಕೂಗುವುದು ಅವರ ಕೆಲಸ. ಅವರು ಕೂಗಿದರೆ ರಸ್ತೆಯಾಚೆ ಹೊಟೇಲಿನಲ್ಲಿ ಬನ್ಸ್ ತಿನ್ನುತ್ತಿದ್ದವನು ಬಾಯಲ್ಲಿದ್ದದ್ದನ್ನು ನುಂಗದೆ ಓಡಿ ಬರಬೇಕು. ನಿವೃತ್ತಿ ಆದದ್ದು ಮಾವನಿಗೆ ಮಾತ್ರ, ಗಂಟಲಿಗಲ್ಲ. ಮನೆಯಲ್ಲಿ ಕಾಫಿ ಬೇಕಾದರೂ ಅತ್ತೆಯ ಹೆಸರನ್ನು ಮೂರು ಸಲ ಕೂಗಿ, ಉತ್ತರ ಬಾರದಿದ್ದರೆ "ಗೈರುಹಾಜರು!" ಎಂದು ಘೋಷಿಸುತ್ತಿದ್ದರು. ಅತ್ತೆ ಒಳಗಿನಿಂದ, "ನಾನು ಹಾಜರಿದ್ದೇನೆ, ಹಾಲು ಗೈರುಹಾಜರು ಮಾರಾಯ್ರೆ!" ಎನ್ನುತ್ತಿದ್ದರು. ಪಂಜದಲ್ಲಿ ಒಂದು ಮದುವೆಯಲ್ಲಿ ಮುಹೂರ್ತಕ್ಕೆ ಹೊತ್ತಾಯಿತೆಂದು ಮಾವ ಮದುಮಗನ ಹೆಸರನ್ನು ಅವನ ಅಪ್ಪನ ಹೆಸರಿನ ಸಮೇತ ಮೂರು ಸಲ ಕೂಗಿಬಿಟ್ಟರು. ಮದುಮಗ ಬೆವರುತ್ತಾ, ಕೈಮುಗಿದುಕೊಂಡೇ ಮಂಟಪಕ್ಕೆ ಬಂದ. ಅವನ ಮೇಲೊಂದು ಚೆಕ್ಕಿನ ಕೇಸು ಇತ್ತೆಂದು ಹೆಣ್ಣಿನ ಕಡೆಯವರಿಗೆ ತಿಳಿದದ್ದು ಆಮೇಲೆ!

ಅಷ್ಟು ವರ್ಷ ಆ ಬಾಗಿಲಲ್ಲಿ ನಿಂತು ಮಾವ ಒಂದು ಸಿದ್ಧಾಂತ ಕಟ್ಟಿಕೊಂಡಿದ್ದರು. ಕೇಸು ನಡೆಯುತ್ತಿರುವಷ್ಟು ದಿನ ಕಕ್ಷಿದಾರ ಸಾಯುವುದಿಲ್ಲ! ಕೋಲು ಊರಿಕೊಂಡು, ದಮ್ಮು ಕಟ್ಟಿಕೊಂಡು, ಮೊಮ್ಮಗನ ಹೆಗಲು ಹಿಡಿದುಕೊಂಡು ವರ್ಷಗಟ್ಟಲೆ ವಾಯಿದೆಗೆ ಬರುವ ಮುದುಕ, ತೀರ್ಪು ಬಂದ ವಾರದಲ್ಲಿ ಮಲಗಿದವನು ಏಳುವುದಿಲ್ಲ. ಗೆದ್ದವನೂ ಅಷ್ಟೇ, ಸೋತವನೂ ಅಷ್ಟೇ. "ಮುಂದಿನ ವಾಯಿದೆಗೆ ಎಂತ ಆಗ್ತದೆ ನೋಡ್ಬೇಕು ಅಂತ ಉಂಟಲ್ಲ, ಅದುವೇ ಜೀವ ಹಿಡಿದುಕೊಳ್ಳುದು," ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಅತ್ತೆಯಂತೂ ಮದುವೆಯಾದಾಗಿನಿಂದ ಇದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದರು.

ಆ ವರ್ಷ ಜನವರಿಯಲ್ಲಿ ಅತ್ತೆಯನ್ನು ಮಂಗಳೂರಿನ ಆಸ್ಪತ್ರೆಯಿಂದ ಮನೆಗೆ ಕರೆತಂದರು. ಇನ್ನು ಮಾಡುವಂಥದ್ದು ಏನೂ ಇಲ್ಲ, ಮಳೆಗಾಲ ದಾಟುವುದು ಕಷ್ಟ ಎಂದು ಡಾಕ್ಟರು ಮಾವನಿಗೆ ಹೇಳಿದ್ದರು. ಮಾವ ಅತ್ತೆಗೆ ಮಕ್ಕಳಿಲ್ಲ. ನಾನು ಸುಳ್ಯದಿಂದ ಪ್ರತಿ ಭಾನುವಾರ ಪಂಜದ ದಾರಿಯಾಗಿ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮಾವ ನನ್ನನ್ನು ಬಸ್ ಸ್ಟ್ಯಾಂಡಿನಲ್ಲೇ ನಿಲ್ಲಿಸಿ ಆ ಮಾತನ್ನು ಹೇಳಿದಾಗ, ಅವರ ಸ್ವರ ನನಗೆ ಸರಿಯಾಗಿ ಕೇಳಿಸಲಿಲ್ಲ. ಜೀವಮಾನದಲ್ಲಿ ಅದೇ ಮೊದಲು.

ಅತ್ತೆಗೆ ಬೇಸರ ಆಗಬಾರದೆಂದು ಟಿವಿಯನ್ನು ಅವರ ಮಂಚದ ಎದುರಿಗೆ ತಂದು ಇಟ್ಟರು. ಒಂದು ಸಂಜೆ ಮಾವ ಧಾರಾವಾಹಿ ಹುಡುಕುತ್ತಾ ರಿಮೋಟು ಒತ್ತಿದ್ದೇ ಒತ್ತಿದ್ದು, ಒಂದು ಇಂಗ್ಲಿಷ್ ಚಾನೆಲ್ಲಿಗೆ ಹೋಗಿ ಸಿಕ್ಕಿಬಿದ್ದರು. ಹಸಿರು ಬೆಂಚುಗಳು. ಕೋಟು ಹಾಕಿದವರು ಏಳುತ್ತಿದ್ದಾರೆ, ಕೂರುತ್ತಿದ್ದಾರೆ, ಹೋ ಎಂದು ಕೂಗುತ್ತಿದ್ದಾರೆ. ನಡುವೆ ಎತ್ತರದ ಕುರ್ಚಿಯಲ್ಲಿ ಒಬ್ಬ ಸಭಾಧ್ಯಕ್ಷ, ಎಲ್ಲರನ್ನೂ ಮೀರಿಸಿ ಅರಚುತ್ತಿದ್ದಾನೆ! ಮಾವನಿಗೆ ಅವನನ್ನು ಕಂಡದ್ದೇ ಹೋದ ಜನ್ಮದ ಅಣ್ಣನನ್ನು ಕಂಡ ಹಾಗಾಯಿತು.

"ಇವರು ಎಂತಕ್ಕೆ ಗಲಾಟೆ ಮಾಡುದು?" ಎಂದರು ಅತ್ತೆ.

"ಪಾಲಿನ ವ್ಯಾಜ್ಯ ಮಾರಾಯ್ತಿ. ತುಂಬ ದೇಶ ಒಟ್ಟಿಗೆ ಕೂಡುಕುಟುಂಬ ಮಾಡಿಕೊಂಡಿದ್ದವು. ಇವರಿಗೆ ಹೊರಗೆ ಹೋಗ್ಬೇಕಂತೆ. ಹೋಗುದು ಅಂತ ಊರಿನವರೆಲ್ಲ ಓಟು ಹಾಕಿ ಆಯ್ತು. ಹೇಗೆ ಹೋಗುದು ಅಂತ ಒಬ್ಬ ಹೇಳಿದ್ದನ್ನು ಇನ್ನೊಬ್ಬ ಒಪ್ಪುದಿಲ್ಲ."

ಅತ್ತೆ ದಿಂಬಿಗೆ ಒರಗಿ ಕೂತರು. ಅವರು ತಾವಾಗಿ ಎದ್ದು ಕೂತದ್ದು ಆಸ್ಪತ್ರೆಯಿಂದ ಬಂದ ಮೇಲೆ ಅದೇ ಮೊದಲು. "ಮತ್ತೆ? ಮುಂದೆ ಎಂತ ಆಗ್ತದೆ?" ಎಂದರು.

ಮಾವನ ಮುಖ ನೋಡಬೇಕಿತ್ತು!

ಅಂದಿನಿಂದ ಧಾರಾವಾಹಿಗಳೆಲ್ಲ ಮೂಲೆಗೆ ಹೋದವು. ಮಾವನಿಗೆ ಬರುತ್ತಿದ್ದದ್ದು ಕೋರ್ಟಿನ ಇಂಗ್ಲಿಷು, ಅರ್ಥವಾದದ್ದರಲ್ಲಿ ಅರ್ಧ ಕಿವಿಗೆ ಬಿದ್ದದ್ದು, ಅರ್ಧ ತಲೆಯಲ್ಲಿ ಹುಟ್ಟಿದ್ದು. ಅತ್ತೆಗೆ ಅಷ್ಟು ಸಾಕಿತ್ತು. ಅಲ್ಲಿಯ ಪ್ರಧಾನಿ ಹೆಂಗಸು ಒಂದೇ ಒಪ್ಪಂದವನ್ನು ಮತ್ತೆ ಮತ್ತೆ ತಂದಿಟ್ಟು, ಸಭೆ ಮತ್ತೆ ಮತ್ತೆ ತಳ್ಳಿಹಾಕಿದಾಗ ಅತ್ತೆ ಮರುಗಿದರು. "ಪಾಪ ಅವಳು! ಆದ್ರೆ ನಿನ್ನೆಯ ಸಾಂಬಾರನ್ನೇ ಕುದಿಸಿ ತಂದ್ರೆ ಯಾರು ಉಣ್ತಾರೆ? ಒಂದು ಒಗ್ಗರಣೆಯಾದ್ರೂ ಬೇರೆ ಕೊಡ್ಬೇಕಲ್ಲ." ನಮ್ಮ ಕಡಬ ಆಗ ತಾನೇ ಪುತ್ತೂರಿನಿಂದ ಬೇರೆಯಾಗಿ ತಾಲೂಕಾಗಿತ್ತು. ಅದೂ ಅತ್ತೆಯ ಲೆಕ್ಕಕ್ಕೆ ಬಂತು. "ಪುತ್ತೂರಿಂದ ಹೊರಗೆ ಬರ್ಲಿಕ್ಕೆ ನಮಗೇ ಎಷ್ಟು ಕಾಲ ಹಿಡಿಯಿತು! ಇವರಿಗೆ ಎಂತ ಅವಸರ?"

ಮಾರ್ಚ್ ಕೊನೆಗೆ ಹೊರಗೆ ಹೋಗಬೇಕೆಂದು ಗಡುವು ಇತ್ತು. ಆ ತಿಂಗಳು ಮಾವ ಸರಿಯಾಗಿ ಊಟ ಮಾಡಲಿಲ್ಲ. ಎದುರಿನ ದಿನಸಿ ಅಂಗಡಿಯ ಹಾಜಿಯವರು ನನ್ನನ್ನು ಕರೆದು ಕೇಳಿದರು, "ಎಂತ ಮಾರಾಯ್ತಿ, ನಿಮ್ಮ ಮಾವನಿಗೆ? ಇಡೀ ಲೋಕ ಇಂಗ್ಲೆಂಡಿನವರು ಬೇಗ ಒಂದು ತೀರ್ಮಾನಕ್ಕೆ ಬರಲಿ ಅಂತ ಹೇಳ್ತದೆ. ಇವರು ಇಲ್ಲಿ ನನ್ನ ಅಂಗಡಿಯಲ್ಲಿ ಕೂತು, ಬರ್ಲಿಕ್ಕೇ ಬಾರದು ಅಂತ ಜಗಳ ಮಾಡ್ತಾರೆ!" ನಾನು ಕಾರಣ ಹೇಳಿದೆ. ಮರುದಿನದಿಂದ ಹಾಜಿಯವರೂ ಮಾವನ ಪಕ್ಷ.

ಆಗಲೇ ಪಂಜದ ಹತ್ತಿರ ನಮ್ಮ ಕುಟುಂಬದ ದೈವದ ಕೋಲ ಬಂತು. ಕೋಲ ಮುಗಿಯುವ ಬೆಳಗಿನ ಹೊತ್ತು ಒಬ್ಬೊಬ್ಬರೇ ತಮ್ಮ ಕಷ್ಟ ಅರಿಕೆ ಮಾಡಿಕೊಳ್ಳುತ್ತಿದ್ದರು. ಒಬ್ಬರಿಗೆ ದನ ಕಳೆದದ್ದು, ಒಬ್ಬರಿಗೆ ಮಗಳ ಸಂಬಂಧ. ಮಾವನ ಸರದಿ ಬಂತು. ಆ ಗಂಟಲಿನಲ್ಲಿ ಇಡೀ ಅಂಗಳಕ್ಕೆ ಕೇಳುವ ಹಾಗೆ, "ಇಂಗ್ಲೆಂಡಿನಲ್ಲಿ ಒಂದು ಪಾಲಿನ ವ್ಯಾಜ್ಯ ಉಂಟು. ಅದು ತೀರ್ಮಾನ ಆಗ್ಬಾರದು. ಆಗದ ಹಾಗೆ ನೋಡಿಕೊಂಡ್ರೆ ಬರುವ ವರ್ಷ ಬೆಳ್ಳಿಯ ಕಡಗ ಒಪ್ಪಿಸ್ತೇನೆ!" ಎಂದುಬಿಟ್ಟರು. ಜನ ನಗೆ ತಡೆಯಲಾರದೆ ಬಾಯಿಗೆ ಶಾಲು ಒತ್ತಿಕೊಂಡರು. ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು.

ದೈವ ನಗಲಿಲ್ಲ. ತುಳುವಿನಲ್ಲಿ ನುಡಿ ಆಯಿತು, ಕಡಲಿನಾಚೆಯ ಪಾಲು ನನ್ನ ಗಡಿಯೊಳಗಿನದ್ದಲ್ಲ, ನಿನ್ನ ಮನೆಯ ಸಂಕಟ ನನ್ನ ಗಡಿಯೊಳಗಿನದ್ದು, ಎಂದು. ಅಂಗಳದಲ್ಲಿ ನಗೆ ನಿಂತಿತು. ಮಾವ ಪ್ರಸಾದ ಹಿಡಿದುಕೊಂಡು ಜೀಪಿನಲ್ಲಿ ಕೂತರು. ಅರ್ಧ ದಾರಿಯಲ್ಲಿ ಕಣ್ಣೊರೆಸಿಕೊಂಡು, "ಗಡಿಯ ವಿಷಯದಲ್ಲಿ ಆಕ್ಷೇಪ ಬಂತು. ಆದ್ರೆ ಅರ್ಜಿ ವಜಾ ಆಗಲಿಲ್ಲ, ನೋಡು," ಎಂದರು.

ವಜಾ ಆಗಲಿಲ್ಲವೆನ್ನುವುದು ನಿಜವೇ ಇರಬೇಕು. ಇಂಗ್ಲೆಂಡಿಗೆ ಮೊದಲು ಸಣ್ಣದೊಂದು ವಾಯಿದೆ ಸಿಕ್ಕಿತು, ಆಮೇಲೆ ಅಕ್ಟೋಬರಿನವರೆಗೆ ದೊಡ್ಡದು. ಮಳೆಗಾಲ ಬಂತು. ಪ್ರಧಾನಿ ಹೆಂಗಸು ಅಳುತ್ತಾ ಕುರ್ಚಿ ಬಿಟ್ಟಳು, ತಲೆ ಬಾಚದ ಒಬ್ಬ ಬಂದು ಕೂತ. "ಬಾಚಣಿಗೆಯೇ ಇಲ್ಲದವ ಪಾಲು ಹೇಗೆ ಮಾಡ್ತಾನೆ?" ಎಂದರು ಅತ್ತೆ. ಸ್ವರ ಸಣ್ಣದಾಗಿತ್ತು, ಮಾತಿನ ಮೊನೆ ಹಾಗೇ ಇತ್ತು. ಗಂಜಿ ಎರಡು ಚಮಚಕ್ಕೆ ಇಳಿದಿತ್ತು. ಆದರೂ ಸಂಜೆಯಾದರೆ, "ಟಿವಿ ಹಾಕಿ, ಇವತ್ತು ಎಂತ ಉಂಟು ನೋಡುವ," ಎನ್ನುವರು. ಡಾಕ್ಟರು ದಾಟಲಾರರು ಎಂದ ಮಳೆಗಾಲವನ್ನು ಅತ್ತೆ ದಾಟಿದರು! ಅಕ್ಟೋಬರಿನಲ್ಲಿ ಇಂಗ್ಲೆಂಡಿಗೆ ಮತ್ತೂ ಒಂದು ವಾಯಿದೆ ಸಿಕ್ಕಿದಾಗ ಮಾವ ಹಾಜಿಯವರ ಅಂಗಡಿಯಿಂದ ಬೆಲ್ಲದ ಮಿಠಾಯಿ ತಂದು ಬೀದಿಯಲ್ಲಿ ಹೋಗುವವರಿಗೆಲ್ಲ ಹಂಚಿದರು. ಏನು ವಿಶೇಷ ಎಂದು ಕೇಳಿದವರಿಗೆ, "ಎಂತದೂ ಆಗಲಿಲ್ಲ, ಅದುವೇ ವಿಶೇಷ!" ಎಂದರು.

ಡಿಸೆಂಬರಿನಲ್ಲಿ ಅಲ್ಲಿ ಚುನಾವಣೆ ಆಯಿತು. ತಲೆ ಬಾಚದವ ದೊಡ್ಡ ಬಹುಮತದಲ್ಲಿ ಗೆದ್ದ. ಇನ್ನು ತಡೆಯುವವರಿಲ್ಲ, ಜನವರಿ ಕೊನೆಗೆ ಹೊರಗೆ ಹೋಗುವುದು ಖಂಡಿತ ಎಂದಾಯಿತು. ಆ ಭಾನುವಾರ ನಾನು ಹೋದಾಗ ಮಾವ ಛಾವಣಿ ಹತ್ತಿ ಡಿಶ್ಶಿನ ವಯರು ಕೀಳುತ್ತಿದ್ದರು. ಆ ವಯಸ್ಸಿನಲ್ಲಿ! ಕೆಳಗಿಳಿದು ಬಂದು ನನ್ನ ಕೈ ಹಿಡಿದುಕೊಂಡು, "ನೀನು ಬಾಯಿ ಬಿಡ್ಬೇಡ. ಅವಳಿಗೆ ತೀರ್ಪು ಗೊತ್ತಾಗ್ಬಾರದು," ಎಂದರು.

ಅಲ್ಲಿಂದ ಮುಂದೆ ಇಂಗ್ಲೆಂಡಿನ ಪಾರ್ಲಿಮೆಂಟು ಕಡಬದಲ್ಲೇ ನಡೆಯಿತು. ಟಿವಿ ಹಾಳಾಗಿದೆ, ಪುತ್ತೂರಿನ ಒಬ್ಬ ಹಳೆಯ ವಕೀಲರು ಫೋನಿನಲ್ಲಿ ದಿನಾ ಸುದ್ದಿ ಹೇಳುತ್ತಾರೆಂದು ಮಾವ ಅತ್ತೆಗೆ ತಿಳಿಸಿದರು. ಅಂಥ ವಕೀಲರು ಎಲ್ಲಿಯೂ ಇರಲಿಲ್ಲ. ಸಂಜೆ ಮಾವ ಜಗಲಿಯಲ್ಲಿ ನಿಂತು, "ಹೌದಾ ಸಾರ್! ಹಾಗೆ ಹೇಳಿದ್ರಾ ಸಾರ್!" ಎಂದು ಬೊಬ್ಬೆ ಹೊಡೆಯುವರು. ಫೋನು ತಲೆಕೆಳಗಾಗಿ ಕಿವಿಯಲ್ಲಿರುತ್ತಿತ್ತು. ಆಮೇಲೆ ಒಳಗೆ ಹೋಗಿ ವರದಿ. ಒಂದು ದಿನ ಸಭಾಧ್ಯಕ್ಷನಿಗೆ ಗಂಟಲು ಕಟ್ಟಿತು, ಸಭೆ ಮುಂದಕ್ಕೆ. ಇನ್ನೊಂದು ದಿನ ದಾಖಲೆಯಲ್ಲಿ ಒಂದು ರುಜು ಕಡಿಮೆ. ಮತ್ತೊಂದು ದಿನ ರಾಣಿಯ ಕಡೆಯಲ್ಲಿ ಯಾರಿಗೋ ಹೆರಿಗೆಯಾಗಿ ಇಡೀ ಪಾರ್ಲಿಮೆಂಟಿಗೇ ಸೂತಕ! ನಾನು ಅಡುಗೆಮನೆಗೆ ಹೋಗಿ ನಕ್ಕೆ. ನಗುತ್ತಿದ್ದಂತೆಯೇ ಅಳು ಬಂತು, ಮುಖಕ್ಕೆ ನೀರು ಹಾಕಿಕೊಂಡು ಹೊರಗೆ ಬಂದೆ. ಅತ್ತೆ ಎಲ್ಲವನ್ನೂ ಕಣ್ಣು ಮುಚ್ಚಿಕೊಂಡು ಕೇಳಿ, "ಮತ್ತೆ? ಮುಂದೆ?" ಎನ್ನುತ್ತಿದ್ದರು.

ಫೆಬ್ರವರಿಯ ಮೊದಲ ಭಾನುವಾರ. ಮಾವ ಮದ್ದು ತರಲು ಹೋಗಿದ್ದರು. ನಾನು ಅತ್ತೆಯ ಕಾಲು ಒತ್ತುತ್ತಾ ಕೂತಿದ್ದೆ. ಅತ್ತೆ ಬಾಗಿಲ ಕಡೆ ನೋಡಿ, ನನ್ನನ್ನು ಹತ್ತಿರ ಕರೆದರು.

"ಇಂಗ್ಲೆಂಡಿನವರು ಹೊರಗೆ ಹೋಗಿ ಆಯ್ತಂತೆ ಅಲ್ಲನಾ ಮಗಾ?"

"ಯಾರು ಹೇಳಿದ್ದು ಅತ್ತೆ?"

"ಹಾಜಿಯವರ ಹೆಂಡತಿ ನಿನ್ನೆ ಬಂದಿದ್ದಳು. ಪಾಪ, ನನಗೆ ಇಷ್ಟ ಅಂತ ಮೊಬೈಲಿನಲ್ಲಿ ತೋರಿಸಿದಳು. ಬಾವುಟ ಎಲ್ಲ ಇಳಿಸಿ ಆಗಿದೆ." ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರು. "ನೀನು ಮಾವನಿಗೆ ಹೇಳ್ಬೇಡ."

"ಮಾವನಿಗೆ...?"

"ಅವರಿಗೆ ಗೊತ್ತಿಲ್ಲ ಮಾರಾಯ್ತಿ. ಟಿವಿ ಹಾಳಾಯ್ತಲ್ಲ. ಆ ಪುತ್ತೂರಿನ ವಕೀಲ ಎಂತೆಂತದೋ ಹೇಳಿ ಇವರನ್ನು ಮಂಗ ಮಾಡ್ತಾನೆ, ಇವರು ಅದನ್ನು ನಂಬಿಕೊಂಡು ಬಂದು ನನಗೆ ಹೇಳ್ತಾರೆ. ವ್ಯಾಜ್ಯ ಮುಗಿದ್ರೆ ನಾನೂ ಮುಗಿದೆ ಅಂತ ಅವರ ತಲೆಯಲ್ಲಿ ಉಂಟು. ಗೊತ್ತಾದ್ರೆ ತಡೆದುಕೊಳ್ಳಲಿಕ್ಕಿಲ್ಲ. ಇರ್ಲಿ, ನಾನಿರುವಷ್ಟು ದಿನ ಗೊತ್ತಾಗದೇ ಇರ್ಲಿ."

ನನಗೆ ಯಾರ ಗುಟ್ಟನ್ನು ಯಾರಿಂದ ಮುಚ್ಚಿಡಬೇಕೆಂದೇ ತಿಳಿಯಲಿಲ್ಲ. ಅಷ್ಟರಲ್ಲಿ ಮಾವ ಮದ್ದಿನ ಪ್ಲಾಸ್ಟಿಕ್ ತೊಟ್ಟೆ ಹಿಡಿದು ಒಳಗೆ ಬಂದರು. ಅತ್ತೆ ಕಷ್ಟಪಟ್ಟು ತಲೆ ತಿರುಗಿಸಿ ಕೇಳಿದರು, "ವಕೀಲರು ಫೋನ್ ಮಾಡಿದ್ರಾ? ಎಂತ ಆಯ್ತಂತೆ?"

"ಎಂತ ಆಗುದು! ಇವತ್ತೂ ಒಪ್ಪಿಗೆ ಇಲ್ಲ. ಬರುವ ಮಂಗಳವಾರಕ್ಕೆ ಹಾಕಿದ್ದಾರೆ."

"ಹೌದಾ? ಹಾಗಾದ್ರೆ ಮಂಗಳವಾರದವರೆಗೆ ಕಾಯ್ವ," ಎಂದು ಅತ್ತೆ ನನ್ನ ಕೈ ಮೆಲ್ಲಗೆ ಒತ್ತಿದರು.

ಆ ಮಂಗಳವಾರವನ್ನು ಅತ್ತೆ ದಾಟಿದರು. ಮುಂದಿನದ್ದನ್ನು ದಾಟಲಿಲ್ಲ.

ಉತ್ತರಕ್ರಿಯೆ ಮುಗಿದು, ಬಂದವರೆಲ್ಲ ಹೋದ ಮೇಲೆ ಮಾವ ಜಗಲಿಯಲ್ಲಿ ನನ್ನ ಹತ್ತಿರ ಬಂದು ಕೂತರು.

"ಪಾಪ, ಕೊನೆಯವರೆಗೂ ಅವಳಿಗೆ ಗೊತ್ತೇ ಆಗಲಿಲ್ಲ. ಅಲ್ಲನಾ?"

"ಇಲ್ಲ ಮಾವ," ಎಂದೆ. "ಅತ್ತೆಗೆ ಗೊತ್ತಾಗಲಿಲ್ಲ."