ಯಗಟಿಯ ಹುಲಿಯನಿಗೆ ಗಸಗಸೆ ಪಾಯಸ

ದನದ ಡಾಕ್ಟರಾದರೆ ದನಗಳ ಜೊತೆ ನೆಮ್ಮದಿಯಾಗಿ ಇರಬಹುದು ಅಂತ ನಾನು ಅಂದುಕೊಂಡಿದ್ದೆ. ಎಲ್ಲಿ ಬಂತು ನೆಮ್ಮದಿ? ದನದ ಕೊರಳಿಗೆ ಹಗ್ಗ ಇದ್ದರೆ ಹಗ್ಗದ ಇನ್ನೊಂದು ತುದೀಲಿ ಒಬ್ಬ ಮನುಷ್ಯ ಇದ್ದೇ ಇರುತ್ತಾನೆ, ಅವನ ದೆಸೆಯಿಂದ ಏನಾದರೊಂದು ಆಗುತ್ತಲೇ ಇರುತ್ತೆ. ಎಪ್ಪತ್ತರ ದಶಕದ ಕೊನೆಗೆ ನನಗೆ ಅಜ್ಜಂಪುರದಿಂದ ಕಡೂರಿಗೆ ವರ್ಗವಾಯಿತು. ಅಲ್ಲಿ ನನ್ನ ಜೊತೆಗಿದ್ದವರು ಒಬ್ಬ ಕಾಂಪೌಂಡರು. ನನಗಿಂತ ಹಿರಿಯರು, ಮಾತು ಕಡಿಮೆ, ಎಲ್ಲ ಕಾಯಿಲೆಗೂ ಹರಳೆಣ್ಣೆಯೇ ಮದ್ದು ಅನ್ನೋ ನಂಬಿಕೆ ಗಟ್ಟಿ. ನಮ್ಮಿಬ್ಬರಿಗೂ ಒಂದು ವರ್ಷ ಗಂಟುಬಿದ್ದಿದ್ದು ದನವಲ್ಲ, ಒಂದು ನಾಯಿ.

೧. ಗೋಣಿಚೀಲದಲ್ಲಿ ಬಂದ ರೋಗಿ

ಒಂದು ಸಂತೆ ದಿನ ಯಗಟಿಯ ತೆಂಗಿನಕಾಯಿ ವ್ಯಾಪಾರಿಯೊಬ್ಬರು ಆಸ್ಪತ್ರೆಗೆ ಬಂದರು. ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಪಂಚೆ, ಕಂಕುಳಲ್ಲಿ ಒಂದು ಗೋಣಿಚೀಲ. ಚೀಲದ ಬಾಯಿಂದ ದೊಡ್ಡದೊಂದು ನಾಯಿತಲೆ ಹೊರಗೆ ಬಂದಿತ್ತು. ನಾಯಿಯ ಹಣೇಲೂ ವಿಭೂತಿ ಇತ್ತು.

"ಏನು ತೊಂದ್ರೆ ಯಜಮಾನ್ರೇ?"

"ಇದಕ್ಕೆ ಭಯ ಸಾರ್."

"ಯಾರನ್ನ ಕಂಡ್ರೆ?"

"ಯಾರನ್ನ ಕಂಡ್ರೂ ಇಲ್ಲ. ಸದ್ದಾದ್ರೆ. ಗುಡುಗು, ಬಸ್ಸಿನ ಹಾರನ್ನು, ಹಿಟ್ಟಿನ ಗಿರಣಿ. ಈಗ ಮನೆಗೆ ಕುಕ್ಕರ್ ಬೇರೆ ತಂದಿದೀವಿ, ಅದು ಕೂಗಿದ್ರಂತೂ ಮುಗೀತು."

"ಹೆದರಿದ್ರೆ ಏನ್ಮಾಡುತ್ತೆ?"

ಯಜಮಾನರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಊಳಿಡುತ್ತೆ ಸಾರ್."

ಕಷ್ಟ ಇದ್ದದ್ದೇ ಅಲ್ಲಿ. ಅವರ ಮಗಳು ಮದುವೆ ವಯಸ್ಸಿಗೆ ಬಂದಿದ್ದಳು. ಸಿಂಗಟಗೆರೆಯಿಂದ ಹೆಣ್ಣು ನೋಡೋಕೆ ಬಂದವರು ಉಪ್ಪಿಟ್ಟಿಗೆ ಕೈ ಹಾಕೋ ಹೊತ್ತಿಗೆ ಸರಿಯಾಗಿ ಕುಕ್ಕರ್ ಕೂಗಿತು, ನಾಯಿ ಹುಡುಗನ ಅಪ್ಪನ ಕುರ್ಚಿ ಕೆಳಗೆ ನುಗ್ಗಿ ಊಳಿಟ್ಟಿತು. ತಟ್ಟೆ ಅಲ್ಲೇ ಬಿಟ್ಟು ಎದ್ದು ಹೋದರು. ಆಮೇಲೆ ಶಿವನಿಯಿಂದ ಬಂದವರು ಇನ್ನೂ ಹೊಸಿಲು ದಾಟಿರಲಿಲ್ಲ, ಬಸ್ಸು ಹಾರನ್ ಹೊಡೀತು, ಇದು ಶುರು ಮಾಡಿತು. ಅವರು ಅದೇ ಬಸ್ಸಿಗೆ ವಾಪಸ್ ಹೊರಟರು. ಹುಡುಗಿ ಲಕ್ಷಣವಾಗಿದಾಳೆ, ಶಕುನ ಚೆನ್ನಾಗಿಲ್ಲ ಅಂತ ಎರಡೂ ಕಡೆಯಿಂದ ಒಂದೇ ಮಾತು ಬಂತು. ಇನ್ನು ಅಮಾವಾಸ್ಯೆ ಕಳೆದ ಮೇಲೆ ತರೀಕೆರೆಯವರು ಬರೋರಿದ್ದರು. ಅವರೂ ಹೀಗೇ ಎದ್ದು ಹೋದರೆ ಆ ಸೀಮೇಲಿ ಇನ್ಯಾರೂ ಆ ಮನೆ ಕಡೆ ತಲೆ ಹಾಕೋದಿಲ್ಲ.

"ಅವತ್ತೊಂದಿನ ನಾಯೀನ ತೋಟದಲ್ಲಿ ಕಟ್ಟಿ," ಅಂದೆ.

"ಮಗಳು ಕಣ್ಮರೆಯಾದ್ರೆ ಇನ್ನೂ ಜೋರಾಗಿ ಊಳಿಡುತ್ತೆ ಸಾರ್. ಮನೇಲಿದ್ರೆ ಮನೆಗೆ ಅಪಶಕುನ, ತೋಟದಿಂದ ಊಳಿಟ್ರೆ ಊರಿಗೇ ಅಪಶಕುನ."

"ಯಾರಿಗಾದ್ರೂ ಕೊಟ್ಬಿಡಿ ಮತ್ತೆ."

"ಹುಲಿಯ ಹೋದ್ರೆ ನಾನು ಮದ್ವೇನೇ ಆಗಲ್ಲ ಅಂತ ಮಗಳು ಕೂತವಳೆ."

ಹುಲಿಯ ಅನ್ನೋದು ನಾಯಿಯ ಹೆಸರು. ಚೀಲದಿಂದ ಬಿಟ್ಟ ತಕ್ಷಣ ಹುಲಿಯ ಓಡಿಹೋಗಿ ಔಷಧಿ ಬೀರು ಹಿಂದೆ ಸೇರಿಕೊಂಡ. ಬೀರುವಿನಲ್ಲಿ ಅವನಿಗೆ ಕೊಡೋ ಔಷಧಿ ಒಂದೂ ಇರಲಿಲ್ಲ, ಇದ್ದದ್ದೆಲ್ಲ ಎತ್ತಿಗೆ, ಎಮ್ಮೆಗೆ. ಆಗ ನನಗೊಂದು ವಿಷಯ ಹೊಳೆಯಿತು. ಯಗಟಿಯಿಂದ ಕಡೂರಿನವರೆಗೆ ಆ ಬಸ್ಸು ಹಾರನ್ ಹೊಡೆಯದೆ ಬಂದಿರೋಕೆ ಸಾಧ್ಯವೇ ಇಲ್ಲ.

"ಬಸ್ಸಲ್ಲಿ ಊಳಿಡಲಿಲ್ವಾ?"

"ಇಲ್ಲ ಸಾರ್. ಚೀಲ ಬಿಗಿಯಾಗಿತ್ತು, ಸುತ್ತ ಜನ ಒತ್ಕೊಂಡಿದ್ರು. ಸುಮ್ನೆ ಮಲ್ಕಂಡಿತ್ತು."

ನನಗೆ ಸಿಕ್ಕ ಔಷಧಿ ಅದೇ. ಹೆದರಿದ ಪ್ರಾಣಿಗೆ ಮೈ ಸುತ್ತ ಒಂದು ಬಿಗಿ ಬೇಕು. ಹಳೇ ದಾವಣಿಯೋ ಶಲ್ಯವೋ ತಗೊಂಡು ಎದೆ ಮೇಲಿಂದ ಸುತ್ತಿ ಬೆನ್ನ ಮೇಲೆ ಗಂಟು ಹಾಕಿ, ಕಿವಿ ಹಿಂದೆ ನಿಧಾನವಾಗಿ ನೀವಿ, ಯಾವಾಗಲೂ ಒಂದೇ ಮಾತನ್ನ ಮೆಲ್ಲಗೆ ಹೇಳಿ, ಇದನ್ನ ಮಗಳ ಕೈಲೇ ಮಾಡಿಸಿ ಅಂದೆ. ಯಜಮಾನರ ಮುಖ ಸಪ್ಪಗಾಯಿತು. ಇಷ್ಟು ದೂರ ಬಂದಿದ್ದಕ್ಕೆ ಒಂದು ಸೀಸೆ ಔಷಧಿಯಾದರೂ ಸಿಗುತ್ತೆ ಅಂತ ಅವರು ನಂಬಿಕೊಂಡಿದ್ದರು. ಪಾಪ ಅನ್ನಿಸಿ ಕಾಂಪೌಂಡರು ಅವರ ಕೈಗೆ ಹರಳೆಣ್ಣೆ ಕೊಟ್ಟು ಕಳಿಸಿದರು.

ಹೊರಡುವಾಗ ಯಜಮಾನರು ಹೇಳಿದರು: "ಕಂಡಕ್ಟರು ಅರ್ಧ ಟಿಕೆಟ್ ತಗೊಳ್ಳಿ ಅಂತ ಜಗಳಕ್ಕೇ ನಿಂತ ಸಾರ್. ತೊಡೆ ಮೇಲೆ ಕೂತಿರೋದಕ್ಕೆ ಯಾವ ಟಿಕೆಟ್ಟಪ್ಪಾ ಅಂದೆ. ನಾಯಿ ಮುಖಾನೇ ನೋಡ್ಕಂಡು, ಇದಕ್ಕೆ ಮೂರು ವರ್ಷ ತುಂಬಿದಂಗೆ ಕಾಣುತ್ತಲ್ಲ ಯಜಮಾನ್ರೇ ಅಂತಾನೆ."

೨. ವಾಸಿಯಾದವರು ಯಾರು

ಸ್ವಲ್ಪ ದಿನ ಬಿಟ್ಟು ಆ ಕಡೆ ಕುರಿಗಳಿಗೆ ಸೂಜಿ ಹಾಕೋಕೆ ಹೋದವನು ಅವರ ಮನೆಗೂ ಹೋದೆ. ಅಲ್ಲಿ ನನ್ನ ಚಿಕಿತ್ಸೆ ಒಂದು ಮೂಲೆ ಸೇರಿ, ಊರಿನವರ ಚಿಕಿತ್ಸೆ ಭರ್ಜರಿಯಾಗಿ ನಡೆದಿತ್ತು.

ಯಜಮಾನರ ತಾಯಿ, ಮನೆಯ ಅಜ್ಜಿ, ದೃಷ್ಟಿಯಾಗಿದೆ ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದರು. ಆ ಘಾಟಿಗೆ ಮನೆಯವರೆಲ್ಲ ಕೆಮ್ಮುತ್ತಾ ಬೀದಿಗೆ ಬಂದರೆ, ಅಷ್ಟು ಜನ ಒಟ್ಟಿಗೆ ಕೆಮ್ಮಿದ ಸದ್ದಿಗೆ ಹುಲಿಯ ಹೆದರಿ ಅದೇ ಹೊಗೆಯೊಳಕ್ಕೆ ಓಡಿದನಂತೆ. ಕಾಂಪೌಂಡರ ಹರಳೆಣ್ಣೆಯನ್ನು ತಲೆಗೆ ತಟ್ಟಿದ್ದರು. ಹುಲಿಯ ಹೊಸದಾಗಿ ಸುಣ್ಣ ಹೊಡೆದ ಗೋಡೆಗೆ ತಲೆ ಉಜ್ಜಿ ಉಜ್ಜಿ, ಹೆಣ್ಣು ನೋಡೋಕೆ ಬರೋರು ಕೂರೋ ಜಾಗದಲ್ಲೇ ದೊಡ್ಡದೊಂದು ಜಿಡ್ಡಿನ ಮಚ್ಚೆ ಮಾಡಿಟ್ಟಿದ್ದ. ಅದರ ಮೇಲೆ ಮಠದ ಕ್ಯಾಲೆಂಡರು ನೇತುಹಾಕಿದ್ದರು.

ನಾನೂ ಸುಮ್ಮನಿರದೆ, ಮನಸ್ಸಿಗೆ ತಂಪು ಅಂತ ಒಂದೆಲಗದ ಸೊಪ್ಪು ಅರೆದು ಮೊಸರನ್ನದಲ್ಲಿ ಕಲಸಿ ಕೊಡಿ ಅಂತ ಹೇಳಿ ಬಂದೆ. ಮುಂದಿನ ಸಂತೆಗೆ ಯಜಮಾನರು ನಗುನಗುತ್ತಾ ಬಂದರು. ಕೈಯಲ್ಲಿ ಒಂದು ಎಳನೀರು ಗೊನೆ. ನನಗೆ ಖುಷಿಯಾಯಿತು.

"ಹೆಂಗಿದೆ ನಾಯಿ?"

"ನಾಯಿ ಹಂಗೇ ಇದೆ ಸಾರ್, ಸೊಪ್ಪು ಮೂಸೂ ನೋಡಲ್ಲ. ಅನ್ನ ದಂಡ ಆಗುತ್ತಲ್ಲ ಅಂತ ದಿನಾ ನಾನೇ ತಿಂತಾ ಇದೀನಿ. ಮಗಳ ಚಿಂತೇಲಿ ನಿದ್ದೆ ಅನ್ನೋದೇ ಇರಲಿಲ್ಲ, ಈಗ ತಲೆ ದಿಂಬಿಗೆ ಸೋಕಿದ್ರೆ ಸಾಕು ಸಾರ್."

ಆ ಮನೇಲಿ ನನ್ನ ಮಾತಿನಂತೆ ನಡೆದವಳು ಮಗಳೊಬ್ಬಳೇ. ದಿನಾ ಹಳೇ ದಾವಣಿ ಸುತ್ತಿ, ಕಿವಿ ಹಿಂದೆ ನೀವಿ, "ಏನಿಲ್ಲ ಕಣೋ, ನಾನಿದೀನಿ" ಅಂತ ಹೇಳಿ ಹೇಳಿ ಹುಲಿಯನನ್ನ ಗಿರಣಿ ಸದ್ದಿನವರೆಗೂ ಪಳಗಿಸಿದ್ದಳು. ಕುಕ್ಕರೊಂದು ಬಾಕಿ ಇತ್ತು.

೩. ಮುಗೀತು ಅನ್ನಬಾರದು

ತರೀಕೆರೆಯವರು ಬರೋ ದಿನ ನೀವು ಇರಲೇಬೇಕು ಅಂತ ಯಜಮಾನರು ಹಟ ಹಿಡಿದರು. ಹೋದೆ. ಹುಡುಗ ಹೈಸ್ಕೂಲು ಮೇಷ್ಟ್ರು, ಮೆತ್ತಗಿನ ಮನುಷ್ಯ. ಜೊತೆಗೆ ಅವರಪ್ಪ, ಅಮ್ಮ. ನಾಯಿಗೆ ಡಾಕ್ಟರನ್ನ ಕರೆಸಿದೀವಿ ಅಂದರೆ ನಾಯಿಗೇನು ಕಾಯಿಲೆ ಅಂತ ಕೇಳುತ್ತಾರಲ್ಲ! ಹಾಗಾಗಿ ಯಜಮಾನರು ನನ್ನನ್ನ "ನಮ್ಮನೆ ಡಾಕ್ಟ್ರು" ಅಂತ ಪರಿಚಯ ಮಾಡಿಕೊಟ್ಟರು. ಹುಡುಗನ ಅಪ್ಪ ತಕ್ಷಣ ನಾಡಿ ನೋಡಿ ಅಂತ ಕೈ ಚಾಚಿದರು. ಎತ್ತಿನ ನಾಡಿಯಾದರೆ ಬಾಲದ ಬುಡದಲ್ಲಿ ನೋಡಿ ಅಭ್ಯಾಸ. ಆದರೂ ಅವರ ಮಣಿಕಟ್ಟು ಹಿಡಿದು, ಪರವಾಗಿಲ್ಲ, ಮೇವು ಸರಿಯಾಗಿ ತಗೊಳ್ಳಿ ಅನ್ನೋಕೆ ಹೋಗಿ ಊಟ ಅಂತ ತಿದ್ದಿಕೊಂಡೆ.

ಹುಲಿಯ ದಾವಣಿ ಸುತ್ತಿಕೊಂಡು ಪಡಸಾಲೆಯ ಮಂಚದ ಕೆಳಗೆ ಮಲಗಿದ್ದ. ಅಜ್ಜಿಗೆ ದಾವಣಿ ಮೇಲೆ ನಂಬಿಕೆ ಇರಲಿಲ್ಲ. ಎಳೆಮಕ್ಕಳಿಗೆ ಗಸಗಸೆ ಕೊಟ್ಟರೆ ಮಲಗಲ್ವಾ, ನಾಯೀನೂ ಮಲಗುತ್ತೆ ಅನ್ನೋದು ಅವರ ಲೆಕ್ಕ. ನಾನು ಬೇಡ ಅಂದರೂ ಕೇಳದೆ, ಬೀಗರಿಗೆ ಅಂತ ಒಂದು ಪಾತ್ರೆ ಗಸಗಸೆ ಪಾಯಸ ಮಾಡಿ, ನಾಯಿಗೆ ಅಂತ ಬೇರೆ ಪಾತ್ರೇಲಿ ಡಬ್ಬದ ಗಸಗಸೆಯನ್ನೆಲ್ಲ ಸುರಿದು ಗಟ್ಟಿಯಾಗಿ ಮಾಡಿಟ್ಟಿದ್ದರು. ಹುಲಿಯ ಅದನ್ನ ಮುಟ್ಟಲಿಲ್ಲ. ಪಾತ್ರೆ ಒಲೆ ಪಕ್ಕ ಹಾಗೇ ಇತ್ತು.

ಊಟಕ್ಕೆ ಕೂತೆವು. ಆ ಕಡೆಯ ಉಪಚಾರ ನಿಮಗೆ ಗೊತ್ತಿರಬೇಕು. ಬೇಡ ಅಂತ ಎಲೆ ಮೇಲೆ ಕೈ ಅಡ್ಡ ಇಟ್ಟರೆ ಕೈ ಮೇಲೇ ಬಡಿಸುತ್ತಾರೆ. ಹುಡುಗನ ಅಪ್ಪನಿಗೆ ಪಾಯಸ ಹಿಡಿಸಿಬಿಟ್ಟಿತು. ಇನ್ನೊಂದು ಲೋಟ, ಮತ್ತೊಂದು ಲೋಟ ಅಂತ ಅಜ್ಜಿ ಬಲವಂತ ಮಾಡಿದರು, ಅವರೂ ಮಾಡಿಸಿಕೊಂಡರು. ಅಷ್ಟರಲ್ಲಿ ಬೀಗರ ಪಾತ್ರೆ ತಳ ಕಂಡಿತು. ಬೀಗರಾಗೋರು ಲೋಟ ಚಾಚಿದಾಗ ಮುಗೀತು ಅಂತ ಹೇಳೋದುಂಟೇ? ಮನೆ ಮರ್ಯಾದೆ ಪ್ರಶ್ನೆ. ಅಜ್ಜಿ ಒಳಗೆ ಹೋದರು, ನಾಯಿ ಪಾತ್ರೆ ಎತ್ತಿಕೊಂಡು ಬಂದರು, ಪಂಕ್ತಿಗೆಲ್ಲ ಬಡಿಸಿದರು. ಗಟ್ಟಿಯಾಗಿ ಚೆನ್ನಾಗಿದೆ ಅಂತ ನಾನೂ ಎರಡು ಸಲ ಹಾಕಿಸಿಕೊಂಡೆ.

ಇಲ್ಲಿಂದ ಮುಂದಿನದನ್ನ ನಾನು ನೋಡಿಲ್ಲ, ಅಜ್ಜಿ ಆಮೇಲೆ ಹೇಳಿದ್ದು. ಎಲೆಅಡಿಕೆ ಹಾಕಿಕೊಳ್ಳುತ್ತಲೇ ಹುಡುಗನ ಅಪ್ಪ ಒರಗಿದರಂತೆ. ಅವರ ಹೆಂಡತಿ ಕಂಬಕ್ಕೆ, ಯಜಮಾನರು ಹುಡುಗನ ಅಪ್ಪನಿಗೆ, ನಾನು ಯಜಮಾನರಿಗೆ. ಊಟಕ್ಕೆ ಕೂತವರಲ್ಲಿ ಎಚ್ಚರ ಇದ್ದವನು ಮೇಷ್ಟ್ರೊಬ್ಬನೇ, ಹೆಣ್ಣು ನೋಡೋ ಗಾಬರೀಲಿ ಅವನು ಪಾಯಸ ಮುಟ್ಟಿರಲಿಲ್ಲ. ಅಷ್ಟರಲ್ಲಿ ಹೆಂಗಸರ ಊಟಕ್ಕೆ ಅಂತ ಇಟ್ಟಿದ್ದ ಕುಕ್ಕರ್ ಕೂಗಿತು. ಹುಡುಗಿ ಹುಲಿಯನ ದಾವಣಿ ಬಿಗಿ ಮಾಡೋಕೆ ಅಡುಗೆಮನೆಯಿಂದ ಓಡಿಬಂದರೆ ಹುಲಿಯ ಊಳಿಡದೆ ಮಂಚದ ಕೆಳಗೆ ನಡುಗುತ್ತಿದ್ದಾನೆ, ಮೇಷ್ಟ್ರು ಮಂಚದ ಮೇಲೆ ಕಾಲು ಮಡಚಿಕೊಂಡು ನಡುಗುತ್ತಿದ್ದಾನೆ.

"ನಂಗೂ ಸದ್ದು ಅಂದ್ರೆ ಆಗಲ್ಲ ಕಣ್ರೀ, ಚಿಕ್ಕಂದಿನಿಂದ," ಅಂದನಂತೆ ಮೇಷ್ಟ್ರು. "ದಯವಿಟ್ಟು ಯಾರಿಗೂ ಹೇಳ್ಬೇಡಿ."

ಹುಡುಗಿ ನಕ್ಕಳಂತೆ. ದೊಡ್ಡವರೆಲ್ಲ ಗೊರಕೆ ಹೊಡೆಯುತ್ತಿದ್ದರೆ ಅವರಿಬ್ಬರೂ ಮನಸ್ಸು ಬಿಚ್ಚಿ ಮಾತಾಡಿದರು. ಆ ಕಾಲದಲ್ಲಿ ಹೆಣ್ಣು ನೋಡೋ ಶಾಸ್ತ್ರದಲ್ಲಿ ಹುಡುಗ ಹುಡುಗಿ ಅಷ್ಟು ಮಾತಾಡಿದ್ದು ಇನ್ನೆಲ್ಲೂ ಇರಲಿಕ್ಕಿಲ್ಲ.

ಸಂಜೆಗೆ ನಮಗೆ ಎಚ್ಚರವಾದಾಗ ಹುಲಿಯ ಮೇಷ್ಟ್ರ ಪಾದದ ಮೇಲೆ ತಲೆಯಿಟ್ಟು ಮಲಗಿದ್ದ. ಕಡೂರಿನ ಬಸ್ಸು ಹೋಗಿಯಾಗಿತ್ತು. ಯಜಮಾನರು ಉಸಿರು ಬಿಗಿಹಿಡಿದು ಹುಡುಗನ ಅಪ್ಪನ ಮುಖ ನೋಡಿದರು. ಅವರು ನಿಧಾನವಾಗಿ ಮೈ ಮುರಿದು, ಸುತ್ತ ಒಂದು ಸಲ ನೋಡಿ ಹೇಳಿದರು: "ಎಂಥಾ ಶಾಂತಿ ಇರೋ ಮನೆ ಕಣ್ರೀ ಇದು. ಕೂತಲ್ಲೇ ನಿದ್ದೆ ಬರುತ್ತೆ. ಈ ಮನೆ ಹೆಣ್ಣೇ ನಮಗಾಗಬೇಕು."

೪. ಗಟ್ಟಿಮೇಳ

ಮದುವೆ ಕಡೂರಿನ ಒಂದು ಛತ್ರದಲ್ಲಿ. ಹುಲಿಯ ಬರಲೇಬೇಕು ಅಂದಳು ಹುಡುಗಿ. ಬಿಟ್ಟುಬಂದರೆ ಊರಲ್ಲಿ ಊಳಿಡುತ್ತೆ, ಕರಕೊಂಡು ಬಂದರೆ ಮುಹೂರ್ತದಲ್ಲಿ ಊಳಿಡುತ್ತೆ. ಮಾಂಗಲ್ಯದ ಹೊತ್ತಿಗೆ ನಾಯಿ ಊಳಿಟ್ಟರೆ ಮದುವೆ ಅಲ್ಲಿಗೇ ನಿಂತರೂ ನಿಂತಿತು ಅಂತ ಯಜಮಾನರಿಗೆ ದಿಗಿಲು. ಒಂದೆಲಗವೂ ಅವರಿಗೆ ಕೆಲಸ ಮಾಡುತ್ತಿರಲಿಲ್ಲ. ನಾಯಿ ಜವಾಬ್ದಾರಿ ನನ್ನ ಮತ್ತು ಕಾಂಪೌಂಡರ ತಲೆಗೆ ಬಂತು. ಮಂಟಪದ ಪಕ್ಕದ ಮೂಲೆಯಲ್ಲಿ ಜಮಖಾನ ಹಾಸಿ, ಹುಲಿಯನಿಗೆ ದಾವಣಿ ಬಿಗಿದು, ಕಿವಿಗೆ ಹತ್ತಿ ಇಟ್ಟು ಕೂತೆವು. ಕಾಂಪೌಂಡರು ಜೇಬಲ್ಲಿ ಹರಳೆಣ್ಣೆ ಸೀಸೆ ಇಟ್ಟುಕೊಂಡೇ ಬಂದಿದ್ದರು.

ಹುಡುಗನ ಅಪ್ಪ ಪ್ರತಿಷ್ಠೆಗೆ ಬಿದ್ದು ತರೀಕೆರೆಯಿಂದ ಬ್ಯಾಂಡ್‌ಸೆಟ್ಟು ತರಿಸಿದ್ದರು. ಶಾಸ್ತ್ರ ಮಾಡಿಸುತ್ತಿದ್ದ ಅಯ್ಯನೋರು ಕೈ ಎತ್ತಿದ್ದೇ ತಡ, ವಾಲಗ, ಡೋಲು, ಬ್ಯಾಂಡು ಎಲ್ಲ ಒಟ್ಟಿಗೆ ಶುರುವಾಯಿತು. ಯಾವನೋ ಪುಣ್ಯಾತ್ಮ ಬಾಗಿಲಲ್ಲಿ ಪಟಾಕಿ ಸರಕ್ಕೂ ಬೆಂಕಿ ಇಟ್ಟ. ನಾನು ಕಣ್ಣು ಮುಚ್ಚಿಕೊಂಡು ಹುಲಿಯನ ಎದೆ ಒತ್ತಿ ಹಿಡಿದೆ. ಪಟಾಕಿ ಮುಗಿಯಿತು. ನೋಡಿದರೆ ಹುಲಿಯ ಒಂದು ಸಲ ಆಕಳಿಸಿ ಮತ್ತೆ ಮಲಗಿದ. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ, ಕಾಂಪೌಂಡರ ಕೈ ಕುಲುಕಿದೆ.

"ಸಾರ್, ಅಲ್ಲಿ ನೋಡಿ," ಅಂದರು ಕಾಂಪೌಂಡರು.

ಮಂಟಪದಲ್ಲಿ ಮೇಷ್ಟ್ರ ಮುಖ ಬಿಳುಚಿಕೊಂಡಿತ್ತು. ಕೈಯಲ್ಲಿ ತಾಳಿ ಗಡಗಡ ನಡುಗುತ್ತಿತ್ತು. ಕಣ್ಣು ಬಾಗಿಲ ಕಡೆ ಓಡುತ್ತಿತ್ತು, ಇನ್ನೊಂದು ಸರ ಹೊತ್ತಿದರೆ ಎದ್ದು ಓಡುತ್ತಾನೆ ಅನ್ನೋದು ನೋಡಿದವರಿಗೆಲ್ಲ ಗೊತ್ತಾಗುವ ಹಾಗಿತ್ತು. ಅಕ್ಷತೆ ಹಿಡಿದ ಕೈಗಳು ಹಾಗೇ ನಿಂತವು. ತಾಳಿ ಹಿಡಿದ ಕೈ ನಡುಗಬಾರದಪ್ಪಾ, ಶಕುನ ಸರಿಯಿಲ್ಲ ಅಂತ ಹೆಂಗಸರ ಕಡೆಯಿಂದ ಪಿಸುಮಾತು ಶುರುವಾಯಿತು. ಯಜಮಾನರು ಕಂಬ ಹಿಡಿದುಕೊಂಡರು. ನಾಯಿ ಗೆದ್ದರೂ ಮಗಳ ಮದುವೆ ಮುರಿಯೋ ಹಾಗಾಯಿತಲ್ಲ ಅಂತ ನಾನೂ ಜಮಖಾನದಿಂದ ಎದ್ದು ನಿಂತೆ.

ಹುಡುಗಿ ತಲೆ ಎತ್ತಿದಳು. ಮೇಷ್ಟ್ರ ಹೆಗಲ ಮೇಲಿನ ಶಲ್ಯದ ಎರಡು ತುದಿ ಹಿಡಿದು, ಎದೆ ಮೇಲಿಂದ ಸುತ್ತಿ, ಬೆನ್ನ ಮೇಲೆ ಗಟ್ಟಿಯಾಗಿ ಗಂಟು ಬಿಗಿದಳು. ಆಮೇಲೆ ಕೈ ಎತ್ತಿ, ಇಡೀ ಛತ್ರ ನೋಡುತ್ತಿರುವಾಗಲೇ, ಅವನ ಕಿವಿ ಹಿಂದೆ ನಿಧಾನವಾಗಿ ನೀವುತ್ತಾ ಹೇಳಿದಳು:

"ಏನಿಲ್ಲ ಕಣೋ, ನಾನಿದೀನಿ."

ಮೂಲೆಯಲ್ಲಿ ಹುಲಿಯ ಬಾಲ ಅಲ್ಲಾಡಿಸಿದ. ಮಂಟಪದಲ್ಲಿ ಮೇಷ್ಟ್ರು ಉದ್ದಕ್ಕೆ ಉಸಿರು ಬಿಟ್ಟ. ಕೈ ನಡುಕ ನಿಂತಿತು, ತಾಳಿ ಕಟ್ಟಿದ. ಅಕ್ಷತೆ ಬಿತ್ತು. ಯಜಮಾನರು ಅಳುತ್ತಿದ್ದರು.

ಊಟಕ್ಕೆ ಕೂರೋ ಮುಂಚೆ ಹುಡುಗನ ಅಪ್ಪ ನನ್ನ ಹುಡುಕಿಕೊಂಡು ಬಂದು ಎರಡೂ ಕೈ ಹಿಡಿದುಕೊಂಡರು.

"ಡಾಕ್ಟ್ರೇ, ಈ ಔಷಧಿ ನೀವು ಹೇಳಿಕೊಟ್ಟಿದ್ದಂತೆ, ಸೊಸೆ ಹೇಳಿದ್ಲು. ನಮ್ಮ ಹುಡುಗನ ಈ ಭಯಕ್ಕೆ ಶಿವಮೊಗ್ಗಕ್ಕೆ ತೋರಿಸಿದೀವಿ, ಚಿಕ್ಕಮಗಳೂರಿಗೆ ತೋರಿಸಿದೀವಿ, ಯಾರ ಕೈಲೂ ಆಗ್ಲಿಲ್ಲ. ತಾವು ಯಾವ ಆಸ್ಪತ್ರೇಲಿರೋದು?"

ನನಗಿಂತ ಮುಂಚೆ ಕಾಂಪೌಂಡರು ಬಾಯಿಬಿಟ್ಟರು.

"ಕಡೂರು ದನದ ಆಸ್ಪತ್ರೆ."

ಹುಡುಗನ ಅಪ್ಪ ತಿರುಗಿ ಮಗನ ಕಡೆ ನೋಡಿದರು. ಅಲ್ಲಿ ಮೇಷ್ಟ್ರು ಶಲ್ಯ ಬಿಗಿದುಕೊಂಡು, ಹುಲಿಯ ದಾವಣಿ ಬಿಗಿದುಕೊಂಡು, ಹುಡುಗಿಯ ಅಕ್ಕಪಕ್ಕ ನೆಮ್ಮದಿಯಾಗಿ ಕೂತಿದ್ದರು.

"ಅದಕ್ಕೇ ಮತ್ತೆ," ಅಂದರು ಅವರು ತಲೆಯಾಡಿಸುತ್ತಾ. "ಇಷ್ಟು ವರ್ಷ ಇವನನ್ನ ತಪ್ಪು ಆಸ್ಪತ್ರೆಗೆ ತೋರಿಸ್ತಿದ್ವಿ ಕಣ್ರೀ."